ಏಜೆಂಟ್ 47 ಆಗಲು ಮುಖಕ್ಕಿಂತ ಬೆನ್ನು ಮುಖ್ಯ

ನನ್ನದು ಬೋಳು ತಲೆ. ಮೂವತ್ತು ದಾಟುವ ಮೊದಲೇ ಕೂದಲು ಉದುರಲು ಶುರುವಾಯಿತು, ಉಳಿದದ್ದನ್ನು ನಾನೇ ಬೋಳಿಸಿಕೊಂಡೆ. ಅಂದಿನಿಂದ ಆಫೀಸಿನ ಹುಡುಗರು ನನ್ನನ್ನು ಕರೆಯುವುದು ‘ಹಿಟ್‌ಮ್ಯಾನ್’ ಅಂತ. ರೋಹಿತ್ ಶರ್ಮಾಗೂ ಇದಕ್ಕೂ ಸಂಬಂಧ ಇಲ್ಲ, ನನ್ನ ಬ್ಯಾಟಿಂಗ್ ನೋಡಿದವರು ಯಾರೂ ಆ ಅರ್ಥದಲ್ಲಿ ಕರೆಯುವುದಿಲ್ಲ. ಅವರು ಹೇಳುತ್ತಿದ್ದದ್ದು ‘ಹಿಟ್‌ಮ್ಯಾನ್’ ಗೇಮಿನ ಏಜೆಂಟ್ 47. ಕೋಪನ್‌ಹೇಗನ್‌ನ ಐಒ ಇಂಟರಾಕ್ಟಿವ್ ಕಂಪನಿ 2000ದಲ್ಲಿ ಶುರು ಮಾಡಿದ ಸರಣಿ ಅದು. ಬೋಳು ತಲೆ, ಕಪ್ಪು ಸೂಟು, ಬಿಳಿ ಶರ್ಟು, ಕೆಂಪು ಟೈ, ತಲೆಯ ಹಿಂಭಾಗದಲ್ಲಿ ಬಾರ್‌ಕೋಡ್. ಬಾಡಿಗೆ ಹಂತಕ.

ಇಷ್ಟು ಜನ ಹೇಳುತ್ತಿದ್ದಾರಲ್ಲ, ಒಂದು ಸಲ ವೇಷ ಹಾಕಿಯೇ ಬಿಡೋಣ ಅಂತ ಬೆಂಗಳೂರಿನ ಕಾಮಿಕ್ ಕಾನ್‌ಗೆ, ಅಂದರೆ ಕಾಮಿಕ್ಸ್, ಗೇಮು, ಸಿನಿಮಾ ಅಭಿಮಾನಿಗಳ ಮೇಳಕ್ಕೆ, ತಯಾರಿ ಶುರು ಮಾಡಿದೆ. ಮೊದಲು ಕನ್ನಡಿ ಮುಂದೆ ನಿಂತು, ಪಕ್ಕದಲ್ಲಿ 47ರ ಚಿತ್ರ ಇಟ್ಟುಕೊಂಡು ನೋಡಿದೆ. ಯಾವುದೂ ಹೊಂದಲಿಲ್ಲ. ಆ ಪಾತ್ರಕ್ಕೆ ದನಿ ಕೊಟ್ಟವರು ನಟ ಡೇವಿಡ್ ಬೇಟ್‌ಸನ್. ಮುಖವೂ ಅವರದ್ದನ್ನೇ ನೋಡಿ ಮಾಡಿದ್ದು. ಉದ್ದ ಮುಖ, ನೀಲಿ ಕಣ್ಣು, ಬಿಳಿ ಚರ್ಮ, 188 ಸೆಂಟಿಮೀಟರ್ ಎತ್ತರ. ನಾನೋ, ದುಂಡು ಮೂಗಿನ ಗೋಧಿ ಬಣ್ಣದ ಮನುಷ್ಯ. ಹಾಗಾದರೆ ಇಷ್ಟು ಜನರಿಗೆ ನನ್ನಲ್ಲಿ ಕಂಡದ್ದಾದರೂ ಏನು?

ಉತ್ತರ ಸಿಕ್ಕಿದ್ದು ಗೇಮ್ ಆಡುವಾಗ. ಕ್ಯಾಮೆರಾ ಇರುವುದು 47ರ ಬೆನ್ನ ಹಿಂದೆ. ಗಂಟೆಗಟ್ಟಲೆ ಆಡಿದರೂ ನಮಗೆ ಕಾಣುವುದು ಅವನ ತಲೆಯ ಹಿಂಭಾಗ, ಭುಜ, ನಡಿಗೆ. ಮುಖ ಕಾಣುವುದು ನಡುನಡುವೆ ಬರುವ ಕಥೆಯ ದೃಶ್ಯಗಳಲ್ಲಿ, ಅದೂ ಸ್ವಲ್ಪ ಹೊತ್ತು. ಇದು ಇವನೊಬ್ಬನ ಕಥೆಯಲ್ಲ. ‘ಟೂಂಬ್ ರೈಡರ್’ ಗೇಮಿನ ಲಾರಾ ಕ್ರಾಫ್ಟ್ ಅಂದರೆ ಬೆನ್ನ ಮೇಲಿನ ಜಡೆ. ‘ವಿಚರ್’ ಗೇಮಿನ ಗೆರಾಲ್ಟ್ ಅಂದರೆ ಬಿಳಿ ಕೂದಲು, ಬೆನ್ನಿಗೆ ಎರಡು ಕತ್ತಿ. ಆಡಿದವರ ನೆನಪಿನಲ್ಲಿ ಕೂತಿರುವುದು ಬೆನ್ನು. ಆಫೀಸಿನ ಹುಡುಗರಿಗೆ ನಾನು ಕಾಣುತ್ತಿದ್ದದ್ದೂ ಹಿಂದಿನಿಂದಲೇ, ಅವರ ಸೀಟು ಇರುವುದು ನನ್ನ ಹಿಂದಿನ ಸಾಲಿನಲ್ಲಿ.

ಹಾಗಾಗಿ ಇಡೀ ವೇಷವನ್ನು ಹಿಂದಿನಿಂದ ಮುಂದಕ್ಕೆ ಕಟ್ಟಿದೆ.

ಮೊದಲು ಸೂಟು. ನಮ್ಮ ಏರಿಯಾದ ಟೈಲರ್ ಹತ್ತಿರ ಹೋದೆ. “ಮದುವೆಗಾ ಸಾರ್?” ಅಂದರು. “ಅಲ್ಲ ಮಾಸ್ಟ್ರೇ, ವೇಷ ಹಾಕೋಕೆ. ಮುಂದೆ ಹೇಗಿದ್ರೂ ನಡೆಯುತ್ತೆ, ಹಿಂದೆ ಒಂದು ಸುಕ್ಕೂ ಇರಬಾರದು” ಅಂದೆ. ಅವರು ಟೇಪು ಕೆಳಗಿಟ್ಟು ನನ್ನನ್ನೇ ನೋಡಿದರು. “ಎಲ್ಲರೂ ಮುಂದಿನದ್ದೇ ಕೇಳ್ತಾರೆ ಸಾರ್.” ಆಮೇಲೆ ಅವರಿಗೇ ಹುಮ್ಮಸ್ಸು ಬಂತು. ಟ್ರಯಲ್ ದಿನ ಕೋಟಿನ ಕಾಲರ್ ಕೆಳಗೆ ಒಂದು ಅಡ್ಡ ಮಡಿಕೆ ಕಾಣುತ್ತಿತ್ತು. ಭುಜ ಜಾಸ್ತಿ ಇಳಿಜಾರಿಲ್ಲದ, ನೆಟ್ಟಗಿನ ಭುಜದವರಿಗೆ ಅದು ಬರುತ್ತದಂತೆ. ಕಾಲರ್ ಬಿಚ್ಚಿ, ಸ್ವಲ್ಪ ಕೆಳಗಿಳಿಸಿ ಹೊಲಿದರು. ಮಡಿಕೆ ಹೋಯಿತು. ಶರ್ಟಿನ ಕಾಲರ್ ಕೋಟಿನ ಮೇಲೆ ಸುಮಾರು ಒಂದು ಸೆಂಟಿಮೀಟರ್ ಕಾಣಬೇಕು. ಆ ಬಿಳಿ ಗೆರೆ ಇಲ್ಲದಿದ್ದರೆ ಬೋಳು ತಲೆ ನೇರ ಕಪ್ಪು ಬಟ್ಟೆಯಲ್ಲಿ ಮುಳುಗಿದ ಹಾಗೆ ಕಾಣುತ್ತದೆ. ರೆಡಿಮೇಡ್ ಸೂಟು ಕೊಳ್ಳುವವರು ಭುಜದ ಅಳತೆ ನೋಡಿಯೇ ಕೊಳ್ಳಿ. ಸೊಂಟ ಎಲ್ಲಿ ಬೇಕಾದರೂ ಹಿಡಿಸಬಹುದು, ಭುಜ ಸರಿಮಾಡುವುದು ಕಷ್ಟ.

ಬಾರ್‌ಕೋಡ್‌ಗೆ ಟೆಂಪರರಿ ಟ್ಯಾಟೂ ಪೇಪರ್ ತರಿಸಿದೆ. ಗೆರೆಗಳ ಕೆಳಗೆ 640509-040147 ಅನ್ನುವ ಸಂಖ್ಯೆ ಇರಬೇಕು, ಅಭಿಮಾನಿಗಳು ಹತ್ತಿರ ಬಂದು ಓದಿ ನೋಡುತ್ತಾರೆ. ಪ್ರಿಂಟ್ ಮಾಡುವಾಗ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಕೊಳ್ಳಬೇಕು, ಅಂಟಿದ ಮೇಲೆ ಸರಿಯಾಗುತ್ತದೆ. ಅಂಟಿಸುವವರು ಇನ್ನೊಬ್ಬರೇ ಆಗಬೇಕು, ನನ್ನ ವಿಷಯದಲ್ಲಿ ಹೆಂಡತಿ. ತಲೆ ಬಗ್ಗಿಸಿ ಅಂಟಿಸಿಕೊಂಡರೆ, ನೆಟ್ಟಗೆ ನಿಂತಾಗ ಕತ್ತಿನ ಚರ್ಮ ಮಡಿಸಿ ಗೆರೆಗಳು ಸೊಟ್ಟಗಾಗುತ್ತವೆ. ಆದ್ದರಿಂದ ಕುರ್ಚಿಯಲ್ಲಿ ನೆಟ್ಟಗೆ ಕೂತು, ಕತ್ತಿನ ಮಡಿಕೆಗಿಂತ ಮೇಲೆ, ಮೂಳೆ ಗಟ್ಟಿ ಇರುವ ಜಾಗದಲ್ಲೇ ಹಾಕಿಸಿದೆ. “ಸ್ಕ್ಯಾನ್ ಮಾಡಿದ್ರೆ ಎಷ್ಟು ಬೆಲೆ ಬರುತ್ತೆ ನೋಡ್ಲಾ?” ಅಂತ ಅವಳು ಮೊಬೈಲ್ ಹಿಡಿದಿದ್ದೂ ಆಯಿತು.

ಬೋಳು ತಲೆಯವರಿಗೆ ಒಂದು ಮಾತು. ಶೇವ್ ಹಿಂದಿನ ರಾತ್ರಿಯೇ ಮುಗಿಸಿ. ಬೆಳಿಗ್ಗೆ ಮಾಡಿಕೊಂಡರೆ ಕೆಂಪಗಾದ ಚರ್ಮದ ಮೇಲೆ ಟ್ಯಾಟೂ ಸರಿಯಾಗಿ ಕೂರುವುದಿಲ್ಲ, ಉರಿಯೂ ಇರುತ್ತದೆ. ತಲೆಗೆ ಬಣ್ಣವಿಲ್ಲದ ಮ್ಯಾಟ್ ಪೌಡರ್ ತೆಳ್ಳಗೆ ಹಚ್ಚಿ, ಇಲ್ಲದಿದ್ದರೆ ಫ್ಲ್ಯಾಶ್ ಬೆಳಕಿಗೆ ನೆತ್ತಿ ಬಲ್ಬಿನ ಹಾಗೆ ಹೊಳೆಯುತ್ತದೆ. ಎಣ್ಣೆ ಹೀರುವ ಟಿಶ್ಯೂ ಜೇಬಿನಲ್ಲಿರಲಿ.

ಚರ್ಮದ ಬಣ್ಣ ಬದಲಿಸಲಿಲ್ಲ, ನೀಲಿ ಲೆನ್ಸೂ ಹಾಕಲಿಲ್ಲ. ಬೆಳ್ಳಗಾಗಲು ಹೊರಟರೆ ಪಾತ್ರ ಹೋಗಿ ಮೇಕಪ್ ಮಾತ್ರ ಉಳಿಯುತ್ತದೆ ಅನ್ನುವುದು ನನ್ನ ಖಂಡಿತ ಅಭಿಪ್ರಾಯ. ಮಾರಿಯೋನನ್ನೇ ನೋಡಿ. 1981ರ ‘ಡಾಂಕಿ ಕಾಂಗ್’ ಗೇಮಿಗೆ ಶಿಗೆರು ಮಿಯಾಮೊಟೊ ಅವನನ್ನು ಬಿಡಿಸುವಾಗ ಕೈಯಲ್ಲಿದ್ದದ್ದು ಬೆರಳೆಣಿಕೆಯ ಚುಕ್ಕಿಗಳು. ಬಾಯಿ ಬಿಡಿಸಲು ಜಾಗ ಇಲ್ಲ ಅಂತ ಮೀಸೆ ಬಂತು, ಕೂದಲಿನ ತಾಪತ್ರಯ ಬೇಡ ಅಂತ ಟೋಪಿ ಬಂತು. ಮುಖ ಅನ್ನುವುದೇ ಸರಿಯಾಗಿ ಇಲ್ಲದ ಆ ಮನುಷ್ಯನನ್ನು ಇವತ್ತು ಮಕ್ಕಳೂ ಗುರುತಿಸುತ್ತಾರೆ ಅಲ್ವಾ?

ಮುಖದಿಂದ ನಾನು ತೆಗೆದುಕೊಂಡದ್ದು ಒಂದೇ, ಭಾವ. ಇದಕ್ಕೆ ನನ್ನ ಗುರು ಬೇರೆ ಗೇಮಿನವರು. 2001ರ ‘ಮ್ಯಾಕ್ಸ್ ಪೇನ್’ ಮಾಡುವಾಗ ನಟರನ್ನು ಕರೆಸುವಷ್ಟು ದುಡ್ಡಿರಲಿಲ್ಲ. ಹಾಗಾಗಿ ಕಥೆ ಬರೆದ ಸ್ಯಾಮ್ ಲೇಕ್ ಅವರೇ ನಾಯಕನಿಗೆ ಮುಖ ಕೊಟ್ಟರು. ಅವರ ಅಮ್ಮನೇ ಖಳನಾಯಕಿಗೆ ಮಾದರಿಯಾದರು! ಕಣ್ಣು ಕಿರಿದು ಮಾಡಿ, ಹುಬ್ಬು ಗಂಟಿಕ್ಕಿದ ಆ ಮುಖವನ್ನು ಲೇಕ್ ಈಗಲೂ ಕಾರ್ಯಕ್ರಮಗಳಲ್ಲಿ ಮಾಡಿ ತೋರಿಸುತ್ತಾರೆ. ವಯಸ್ಸಾಗಿದೆ, ಆದರೂ ಆ ಕ್ಷಣಕ್ಕೆ ಅವರು ಮ್ಯಾಕ್ಸ್ ಪೇನ್. 47ರದ್ದು ಇದಕ್ಕೆ ಉಲ್ಟಾ. ಏನನ್ನೂ ತೋರಿಸಬಾರದು. ಗಲ್ಲ ಸ್ವಲ್ಪ ಕೆಳಗೆ, ಕಣ್ಣು ನೇರ, ತುಟಿ ಸುಮ್ನೆ. ಫೋಟೊ ಅಂದ ಕೂಡಲೇ ಹಲ್ಲು ಬಿಡುವ ಅಭ್ಯಾಸ ಇರುವವರಿಗೆ ಇದು ಸುಲಭ ಅಲ್ಲ.

ನಡಿಗೆ ಕಲಿಯಲು ಹೆಂಡತಿ ಕೈಗೆ ಮೊಬೈಲ್ ಕೊಟ್ಟು, ಅಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ ನನ್ನ ಹಿಂದೆಯೇ ಬರಲು ಹೇಳಿದೆ. ವಿಡಿಯೊ ನೋಡಿದರೆ ನನ್ನ ತೋಳು ಜಾಸ್ತಿ ಬೀಸುತ್ತಿತ್ತು. 47 ಕೈ ಬೀಸುವುದು ಕಡಿಮೆ, ತಿರುಗುವಾಗ ಇಡೀ ಮೈ ತಿರುಗಿಸುತ್ತಾನೆ. ಎತ್ತರದ ಕೊರತೆಗೂ ಮೊಬೈಲ್‌ನಲ್ಲೇ ಉಪಾಯ ಸಿಕ್ಕಿತು. ಹಿಂದಿನಿಂದ, ಸೊಂಟದ ಮಟ್ಟದಿಂದ ತೆಗೆದರೆ ನನ್ನಂಥವನೂ ಆರಡಿ ಕಾಣುತ್ತೇನೆ.

ಪಿಸ್ತೂಲು ಒಯ್ಯಲಿಲ್ಲ. ಮೆಟ್ರೊ ಚೆಕಿಂಗ್‌ನಲ್ಲಿ ಆಟಿಕೆ ಪಿಸ್ತೂಲಿಗೆ ವಿವರಣೆ ಕೊಡುತ್ತ ಯಾರು ನಿಲ್ಲುತ್ತಾರೆ? ಬದಲಿಗೆ ಒಂದು ಹಳದಿ ರಬ್ಬರ್ ಬಾತುಕೋಳಿ ಮತ್ತು ಒಂದು ನಾಣ್ಯ ಒಯ್ದೆ. ಈಚಿನ ಗೇಮುಗಳಲ್ಲಿ ಬಾತುಕೋಳಿಯೇ ಬಾಂಬು. ನಾಣ್ಯ ಎಸೆದು ಕಾವಲುಗಾರರ ಗಮನ ಬೇರೆ ಕಡೆ ತಿರುಗಿಸುವುದು 47ರ ಹಳೆಯ ಉಪಾಯ. ಪಿಸ್ತೂಲು ಯಾವ ಗೇಮಿನದ್ದೂ ಆಗಬಹುದು, ಸೂಟು ಹಾಕಿದವನ ಕೈಯಲ್ಲಿ ಬಾತುಕೋಳಿ ಇದ್ದರೆ ಅದು ಇವನೇ.

ಮೆಟ್ರೊದಲ್ಲಿ ಪಕ್ಕದ ಆಂಟಿ “ರಿಸೆಪ್ಷನ್ನಾ?” ಅಂದರು. ವೈಟ್‌ಫೀಲ್ಡ್‌ನಲ್ಲಿ ಒಳಗೆ ಹೋದ ಮೇಲೆ ಇಬ್ಬರು ನನ್ನನ್ನು ಬೌನ್ಸರ್ ಅಂದುಕೊಂಡು ಟಾಯ್ಲೆಟ್ ಎಲ್ಲಿ ಅಂತ ಕೇಳಿದರು, ತೋರಿಸಿದೆ. ವೇಷ ಮರೆಸಿ ಓಡಾಡುವುದೇ ಆ ಪಾತ್ರದ ಕೆಲಸ, ಬೇಜಾರೇನೂ ಆಗಲಿಲ್ಲ. ಆದರೆ ಗೇಮ್ ಆಡಿದವರು ಮಾತ್ರ ದೂರದಿಂದಲೇ, ಹಿಂದಿನಿಂದಲೇ ‘ಫಾರ್ಟಿ ಸೆವೆನ್!’ ಅಂತ ಕೂಗಿದರು. ಮುಂದಿನಿಂದ ಬಂದವರಿಗೆ ಒಂದು ಕ್ಷಣ ಅನುಮಾನ, ಬಾತುಕೋಳಿ ತೋರಿಸಿದ ಮೇಲೆ ನಗು.

ನನ್ನ ಜೊತೆ ಬಂದಿದ್ದ ಅಕ್ಕನ ಮಗ ಇನ್ನೂ ಬುದ್ಧಿವಂತ. ತಲೆಪೂರ್ತಿ ಮುಚ್ಚುವ ಹೆಲ್ಮೆಟ್ಟು, ಬೆನ್ನಿಗೆ ಬ್ಯಾಗು, ಸೊಂಟದ ಹಿಂದೆ ಅಮ್ಮನ ಫ್ರೈಯಿಂಗ್ ಪ್ಯಾನ್. ಬಿಜಿಎಂಐ, ಅಂದರೆ ಪಬ್‌ಜಿಯ ಭಾರತದ ಆವೃತ್ತಿ, ಆಡಿದವರಿಗೆ ಅಷ್ಟೇ ಸಾಕು, ಆ ಗೇಮಿನಲ್ಲಿ ಪ್ಯಾನು ಗುಂಡನ್ನೂ ತಡೆಯುತ್ತದೆ. ಅವನ ಮುಖ ಯಾರಿಗೂ ಕಾಣಲೇ ಇಲ್ಲ, ನನಗಿಂತ ಜಾಸ್ತಿ ಫೋಟೊ ತೆಗೆಸಿಕೊಂಡದ್ದು ಅವನು.

ಈಗ ಮುಂದಿನ ವೇಷದ ಕೆಲಸ ನಡೆದಿದೆ. 2018ರ ‘ಹಿಟ್‌ಮ್ಯಾನ್ 2’ರಲ್ಲಿ ಮುಂಬೈಯದ್ದೇ ಒಂದು ಹಂತ ಇದೆ. ಅಲ್ಲಿ 47 ಕ್ಷೌರದಂಗಡಿಯವನ ವೇಷ ಹಾಕಬಹುದು. ಆರಡಿ ಎತ್ತರದ ಬಿಳಿಯ, ತಲೆಯ ಹಿಂದೆ ಬಾರ್‌ಕೋಡ್, ಮುಂಬೈ ಗಲ್ಲಿಯಲ್ಲಿ ಬಾರ್ಬರ್! ಈ ಪಾತ್ರಕ್ಕೆ ಅವನಿಗಿಂತ ನಾನೇ ವಾಸಿ. ಮಗನಿಗೆ ಕಟಿಂಗ್ ಮಾಡಿಸುವ ಸಲೂನಿನಲ್ಲಿ ಹಳೆಯ ಏಪ್ರನ್ ಒಂದಿದ್ದರೆ ಕೊಡಿ ಅಂತ ಕೇಳಿದೆ. ಅಂಗಡಿಯವರು ಕೊಡಲು ಒಪ್ಪಿದರು. “ಆದ್ರೆ ನಿಮ್ಮ ತಲೆ ನೋಡಿದ ಮೇಲೆ ನಿಮ್ಮ ಹತ್ರ ಯಾರು ಸಾರ್ ಕಟಿಂಗ್‌ಗೆ ಕೂರ್ತಾರೆ?” ಅಂತ ಒಂದು ಪ್ರಶ್ನೆಯನ್ನೂ ಜೊತೆಗೆ ಕೊಟ್ಟರು.