ಎರಡರ ಮಗ್ಗಿ ಮುಗಿಯುವಷ್ಟು ಹೊತ್ತು

ಕೆಎಸ್ಆರ್‌ಟಿಸಿ ಬಸ್ಸಿನಲ್ಲಿ ಆರು ವರ್ಷ ತುಂಬಿದ ಮಗುವಿಗೆ ಅರ್ಧ ಟಿಕೆಟ್, ಹನ್ನೆರಡು ದಾಟಿದರೆ ಪೂರ್ತಿ. ಕಂಡಕ್ಟರು ಕೇಳುವ ಮೊದಲೇ ನನ್ನ ಮಗ "ಏಳು ವರ್ಷ!" ಅಂತ ಇಡೀ ಬಸ್ಸಿಗೆ ಕೇಳುವಂತೆ ಕೂಗುತ್ತಿದ್ದ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನಗೆ ಸೊನ್ನೆ ರೂಪಾಯಿಯ ಟಿಕೆಟ್, ಅವನಿಗೆ ದುಡ್ಡು ಕೊಟ್ಟ ಟಿಕೆಟ್. ಅದನ್ನವನು ಗಂಡಸಾದ ರಸೀದಿ ಅನ್ನೋ ಹಾಗೆ ಜೇಬಲ್ಲಿಟ್ಟುಕೊಳ್ಳುತ್ತಿದ್ದ. ಶೌಚಾಲಯದ ಬಾಗಿಲ ಮೇಲೆ ಮಾತ್ರ ಇಂಥ ಲೆಕ್ಕ ಯಾರೂ ಬರೆದಿಟ್ಟಿಲ್ಲ. ಎಷ್ಟು ವರ್ಷದ ತನಕ ಲೇಡೀಸ್ ಕಡೆ, ಯಾವಾಗಿಂದ ಜೆಂಟ್ಸ್ ಕಡೆ, ಅದೂ ಒಬ್ಬನೇ?

ನಮ್ಮ ಮನೆ ಬೆಂಗಳೂರಿನಲ್ಲಿ, ನನ್ನ ತವರು ಶಿವಮೊಗ್ಗ. ಹತ್ತಿರ ಹತ್ತಿರ ಮುನ್ನೂರು ಕಿಲೋಮೀಟರು, ಬಸ್ಸಿನಲ್ಲಿ ಆರೇಳು ಗಂಟೆ. ಗಂಡನಿಗೆ ರಜೆ ಸಿಗುವುದು ಅಪರೂಪ, ಹಾಗಾಗಿ ಎರಡು ಮಕ್ಕಳನ್ನು ಕಟ್ಟಿಕೊಂಡು ನಾನೊಬ್ಬಳೇ ಹೋಗಿ ಬರುವುದು. ಮಗನಿಗೆ ಈಗ ಒಂಬತ್ತು ದಾಟಿದೆ, ಮಗಳು ಅವನಿಗಿಂತ ಮೂರು ವರ್ಷ ಚಿಕ್ಕವಳು.

ಮಗನಿಗೆ ಆರು ತುಂಬುವ ತನಕ ಯೋಚನೆಯೇ ಇರಲಿಲ್ಲ. ಇಬ್ಬರ ಕೈ ಹಿಡಿದು ಲೇಡೀಸ್‌ಗೆ ನುಗ್ಗುವುದು, ಒಂದೇ ಕೋಣೆಯೊಳಗೆ ಮೂವರೂ ನಿಂತು ಸರದಿ ಪ್ರಕಾರ ಮುಗಿಸುವುದು. ಒಂದು ದಿನ ದಾರಿಯ ಒಂದು ಬಸ್ ನಿಲ್ದಾಣದಲ್ಲಿ ಒಳಗೆ ಸಾಲು ನಿಂತಿತ್ತು. ಕಾಲೇಜು ಹುಡುಗಿಯೊಬ್ಬಳು ಕನ್ನಡಿ ಮುಂದೆ ದುಪಟ್ಟಾ ತೆಗೆದು ಪಿನ್ ಸರಿಮಾಡಿಕೊಳ್ಳುತ್ತಿದ್ದವಳು ನನ್ನ ಮಗನನ್ನು ನೋಡಿ ಥಟ್ಟನೆ ಗೋಡೆ ಕಡೆ ತಿರುಗಿದಳು. ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಕೇಳಿದರು, "ಎಷ್ಟ್ನೇ ಕ್ಲಾಸಮ್ಮ ಮಗ?"

"ಒಂದ್ನೇ ಕ್ಲಾಸು."

"ಮತ್ತೆ, ದೊಡ್ಡೋನಾದ್ನಲ್ಲ!"

ಅಜ್ಜಿಯ ಮೇಲೆ ನನಗೆ ಸಿಟ್ಟು ಬಂತು. ಆದರೆ ಆ ಹುಡುಗಿ ಗೋಡೆಗೆ ಮುಖ ಮಾಡಿದ್ದು ಮನಸ್ಸಿನಿಂದ ಹೋಗಲಿಲ್ಲ. ಅವಳಿಗೂ ಅದು ಅವಳ ಜಾಗ ತಾನೆ. ಮುಂದಿನ ಸಲ ಮಗನೇ ಮುಷ್ಕರ ಹೂಡಿದ. "ನಾನು ಹುಡ್ಗೀರ್‌ದಕ್ಕೆ ಬರಲ್ಲ." ಬರದಿದ್ದರೆ ಏನು ಮಾಡ್ತೀಯ ಅಂದರೆ, ತಡಕೋತೀನಿ ಅಂದ. ತಡೆದುಕೊಂಡ ಕೂಡ. ಆರು ವರ್ಷದ ಮಗುವಿನ ಮೂತ್ರಕೋಶ ಹಿಡಿಯುವುದು ಇನ್ನೂರು, ಇನ್ನೂರೈವತ್ತು ಮಿಲಿ, ಅಂದರೆ ಒಂದು ದೊಡ್ಡ ಲೋಟ. ಅದನ್ನು ಹೊತ್ತುಕೊಂಡು ಮೂರು ಗಂಟೆ ಹಂಪು ಹತ್ತಿಳಿಯುವ ಬಸ್ಸಿನಲ್ಲಿ ಕೂತವನು ಕೊನೆಗೆ ಕಾಲು ಹೆಣೆದುಕೊಂಡು ಅತ್ತ. ಇನ್ನು ಮುಂದಕ್ಕೆ ತಳ್ಳುವ ಹಾಗಿಲ್ಲ ಅಂತ ಗೊತ್ತಾಗಿದ್ದು ಆವತ್ತು.

ಮೊದಲು ನಾನು ಮಾಡಿದ್ದು ತಪ್ಪು ಕೆಲಸ. ಮಾಡದ ತಾಯಂದಿರು ಕಡಿಮೆ ಅಂತ ಈಗಲೂ ನನ್ನ ಅನುಮಾನ. ಜೆಂಟ್ಸ್ ಕಡೆ ಹೊರಟಿದ್ದ, ನೋಡಲು ಸಭ್ಯಸ್ಥರಂತಿದ್ದ ಒಬ್ಬರನ್ನು ನಿಲ್ಲಿಸಿ, "ಸರ್, ಇವನನ್ನ ಸ್ವಲ್ಪ ಕರ್ಕೊಂಡೋಗಿ ಬರ್ತೀರಾ?" ಅಂದೆ. ಅವರು ಕರೆದುಕೊಂಡು ಹೋದರು, ಕೈ ತೊಳೆಸಿ ತಂದೂ ಬಿಟ್ಟರು. ಒಳ್ಳೆಯವರೇ. ಬಸ್ ಹತ್ತಿದ ಮೇಲೆ ಮಗ ಕೇಳಿದ, "ಅಮ್ಮ, ಆ ಅಂಕಲ್ ಯಾರು ಅಂತ ನಿಂಗೊತ್ತಾ?"

"ಇಲ್ಲ ಕಣೋ."

"ಮತ್ತೆ ಗೊತ್ತಿಲ್ದೋರ ಜೊತೆ ಹೋಗ್ಬಾರ್ದು ಅಂತೀಯ?"

ನನ್ನ ಬಾಯಿ ಕಟ್ಟಿಹೋಯಿತು. ಮನೆಯಲ್ಲಿ ಒಂದು ಪಾಠ, ಬಸ್ ಸ್ಟ್ಯಾಂಡಿನಲ್ಲಿ ಅದರ ಉಲ್ಟಾ. ಅವತ್ತಿನಿಂದ ಯಾವ ಅಪರಿಚಿತರಿಗೂ ಅವನ ಕೈ ಕೊಟ್ಟಿಲ್ಲ. ಹೋದರೆ ಒಬ್ಬನೇ ಹೋಗಬೇಕು, ಇಲ್ಲದಿದ್ದರೆ ನನ್ನ ಜೊತೆ.

ಒಬ್ಬನೇ ಅಂದರೆ ಏನೇನು ಬರಬೇಕು ಅಂತ ಮನೆಯಲ್ಲಿ ಕೂತು ಯೋಚಿಸಿದಾಗ ನನ್ನ ತಲೆಯಲ್ಲಿದ್ದಿದ್ದು ಕೆಟ್ಟ ಮನುಷ್ಯರ ಭಯ ಒಂದೇ. ಆದರೆ ನಿಜವಾಗಿ ಕೈಕೊಟ್ಟಿದ್ದು ಚಿಲಕ. ನೆಂಟರ ಮದುವೆ, ಒಂದು ಕಲ್ಯಾಣ ಮಂಟಪ. ಊಟದ ಹಾಲಿನ ಹಿಂದೆ ಒಂದು ಸಾಲು ಶೌಚಾಲಯ, ಪ್ಲಾಸ್ಟಿಕ್ ಬಾಗಿಲು, ನೀರು ಬಿದ್ದು ಬಿದ್ದು ಬಾಗಿತ್ತು. ಎಲ್ಲ ನಮ್ಮವರೇ ಇರುವ ಜಾಗ ಅಂತ ಧೈರ್ಯವಾಗಿ ಕಳಿಸಿದೆ. ಐದು ನಿಮಿಷವಾಯಿತು, ಹತ್ತಾಯಿತು. ಹೊಟ್ಟೆ ಸರಿಯಿಲ್ಲವೇನೋ ಅಂದುಕೊಂಡು ನಾನು ಹೊರಗೆ ಯಾರದೋ ರೇಷ್ಮೆ ಸೀರೆಯ ಬೆಲೆ ವಿಚಾರಿಸುತ್ತಾ ನಿಂತಿದ್ದೆ. ಕೊನೆಗೆ ಬಾಗಿಲು ತಟ್ಟಿದರೆ ಒಳಗಿಂದ ಬಿಕ್ಕುವ ಸದ್ದು. ಬೋಲ್ಟ್ ಸಿಕ್ಕಿಹಾಕಿಕೊಂಡಿತ್ತು. ಅವನು ಕೂಗಿರಲೇ ಇಲ್ಲ. ಯಾಕೋ ಕೂಗಲಿಲ್ಲ ಅಂದರೆ, "ಎಲ್ರೂ ನಗ್ತಾರೆ ಅಂತ" ಅಂದ. ಬಾಗಿಲನ್ನು ನಾನು ಹೊರಗಿನಿಂದ ನನ್ನ ಕಡೆ ಎಳೆದು ಹಿಡಿದೆ, ಬೋಲ್ಟಿನ ಮೇಲಿನ ಬಿಗಿ ಸಡಿಲವಾಯಿತು, ಒಳಗಿಂದ ಅವನು ಸರಿಸಿದ. ಅಷ್ಟೇ ಇದ್ದದ್ದು.

ಅದಾದ ಮೇಲೆ ಒಂದು ತಿಂಗಳು ನಮ್ಮನೆಯಲ್ಲಿ ಚಿಲಕದ ಅಭ್ಯಾಸ. ಬಚ್ಚಲುಮನೆಯದು ಎಳೆಯುವ ಬೋಲ್ಟು, ರೂಮಿನದು ಗುಂಡಿ ಒತ್ತುವ ಲಾಕು, ಅಮ್ಮನ ಮನೆ ಹಿತ್ತಿಲ ಬಾಗಿಲದು ಮೇಲೆತ್ತಿ ತಿರುಗಿಸುವ ಹಳೇ ಅಗುಳಿ. ಕಣ್ಣು ಮುಚ್ಚಿಕೊಂಡೂ ತೆಗೆಸಿದೆ, ಕರೆಂಟು ಹೋದರೆ ಅಂತ. ಬಾಗಿಲು ಹಾಕಿಕೊಳ್ಳುವ ಮುಂಚೆ, ಅದು ತೆರೆದಿರುವಾಗಲೇ ಬೋಲ್ಟನ್ನು ಒಮ್ಮೆ ಹಿಂದೆ ಮುಂದೆ ಆಡಿಸಿ ನೋಡಬೇಕು. ಸಲೀಸಾಗಿ ಆಡದಿದ್ದರೆ ಹಾಕಲೇಬಾರದು, ಬಾಗಿಲಿಗೆ ಬಕೆಟ್ ಒತ್ತಿಟ್ಟರೆ ಸಾಕು. ಮತ್ತೆ ಕೂಗುವ ಅಭ್ಯಾಸ. ನಗಬೇಡಿ, ಇದಕ್ಕೇ ಹೆಚ್ಚು ದಿನ ಹಿಡಿಯಿತು. ಮನೆಯಲ್ಲಿ ಕಿರುಚಬೇಡ, ಮೆಲ್ಲಗೆ ಮಾತಾಡು ಅಂತ ಆರು ವರ್ಷ ಬೈದು ಬೆಳೆಸಿದ ಮಗುವಿಗೆ ಈಗ ಗಂಟಲು ಹರಿಯುವ ಹಾಗೆ "ಅಮ್ಮಾ" ಅನ್ನು ಅಂದರೆ ಅದು ಹೇಗೆ ಬಂದೀತು? ಟೆರೇಸಿಗೆ ಹೋಗಿ ಕೂಗಿಸಿದೆ. ಪಕ್ಕದ ಮನೆಯವರು ಏನಾಯ್ತೋ ಅಂತ ಎರಡು ಸಲ ಇಣುಕಿದರು.

ಬಟ್ಟೆಯನ್ನೂ ಬದಲಾಯಿಸಿದೆ. ಪ್ರಯಾಣಕ್ಕೆ ಜೀನ್ಸು, ಬೆಲ್ಟು, ಜಿಪ್ಪು ಎಲ್ಲ ಬಂದ್. ಎಲಾಸ್ಟಿಕ್ ಚಡ್ಡಿ, ಅದೂ ಮೊಣಕಾಲಿಗಿಂತ ಮೇಲೆ. ಒಳಗಿನ ನೆಲ ಸದಾ ಒದ್ದೆ, ಉದ್ದ ಪ್ಯಾಂಟು ಇಳಿಸಿದರೆ ಅದೇ ನೆಲ ಒರೆಸುತ್ತದೆ. ಇನ್ನೊಂದು ಸಂಗತಿ ನನಗೆ ಗಂಡನಿಂದ ತಿಳಿದದ್ದು. ಜೆಂಟ್ಸ್ ಒಳಗೆ ಹೇಗಿರುತ್ತದೆ ಅಂತ ನಾನೆಲ್ಲಿ ನೋಡಿದ್ದೆ? ಮಾಲುಗಳ ಗೋಡೆಗೆ ಹಾಕಿರುವ ಬಿಳಿ ಬೇಸಿನ್ನುಗಳು ಆರೇಳು ವರ್ಷದವನಿಗೆ ಎತ್ತರವಾಗುತ್ತವಂತೆ, ಚಿಕ್ಕವರಿಗೆ ಅಂತ ಒಂದನ್ನು ತಗ್ಗಿನಲ್ಲಿ ಹಾಕಿದ್ದರೆ ಪುಣ್ಯ. ಹಳೇ ಬಸ್ ನಿಲ್ದಾಣಗಳಲ್ಲಿ ಟೈಲ್ಸ್ ಹಾಕಿದ ಗೋಡೆ, ಕೆಳಗೆ ಉದ್ದಕ್ಕೆ ಕಾಲುವೆ. ವಾಸನೆ ಬಿಟ್ಟರೆ ಮಕ್ಕಳಿಗೆ ಅದರಷ್ಟು ಅನುಕೂಲ ಬೇರೆ ಇಲ್ಲ, ಎತ್ತರದ ತಕರಾರೇ ಇಲ್ಲ.

ದೇಹದ ಬಗ್ಗೆ ಹೇಳುವುದನ್ನು ಸ್ನಾನ ಮಾಡಿಸುವಾಗಲೇ ಹೇಳಿದ್ದೆ. ಹೊಸದಾಗಿ ಸೇರಿಸಿದ್ದು ಇಷ್ಟು: ಒಳಗೆ ಯಾರೂ ನಿನಗೆ ಸಹಾಯ ಮಾಡಬೇಕಾಗಿಲ್ಲ, ನೀನೂ ಯಾರಿಗೂ ಮಾಡಬೇಕಾಗಿಲ್ಲ. ಯಾರಾದರೂ ಮುಟ್ಟಿದರೆ, ಮೊಬೈಲ್ ಹಿಡಿದರೆ, ಅಥವಾ ಅವರದ್ದನ್ನು ತೋರಿಸಿದರೆ ಅರ್ಧದಲ್ಲೇ ಓಡಿ ಬಾ. ಚಡ್ಡಿ ಕೆಳಗಿದ್ದರೂ ಪರವಾಗಿಲ್ಲ, ಒದ್ದೆಯಾದರೂ ಪರವಾಗಿಲ್ಲ, ನಾನು ಬೈಯಲ್ಲ. ಈ ಕೊನೆಯ ಮಾತನ್ನು ಅವನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡ. "ಒದ್ದೆ ಆದ್ರೂ ಬೈಯಲ್ವಾ? ಶೂ ಒದ್ದೆ ಆದ್ರೂ?" ಗಂಡು ಮಗು ತಾನೇ, ಅವನಿಗೇನಾಗುತ್ತೆ ಅಂತ ನನ್ನ ಅತ್ತೆ ಅಂದರು. 2012ರ ಪೋಕ್ಸೋ ಕಾಯ್ದೆ ಹದಿನೆಂಟರೊಳಗಿನ ಗಂಡು ಹೆಣ್ಣು ಇಬ್ಬರಿಗೂ ಒಂದೇ ಸಮ ರಕ್ಷಣೆ ಕೊಡುತ್ತೆ, ಗಂಡು ಮಕ್ಕಳಿಗೂ ಆಗುತ್ತೆ ಅಂತಲೇ ಹಾಗೆ ಬರೆದಿದ್ದಾರೆ ಅಂದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕಾಲ್ದಲ್ಲೂ ಇತ್ತು ಬಿಡು, ಯಾರೂ ಹೇಳ್ತಿರ್ಲಿಲ್ಲ" ಅಂದರು. 1098 ಮಕ್ಕಳ ಸಹಾಯವಾಣಿ ಅನ್ನುವುದನ್ನು ಅವತ್ತು ಮಗನ ಜೊತೆ ಅವರೂ ಬಾಯಿಪಾಠ ಮಾಡಿದರು.

ಶುರು ಮಾಡಿದ್ದು ನಮ್ಮ ಬಡಾವಣೆಯ ಹೋಟೆಲಿನಲ್ಲಿ. ಒಂದೇ ಕೋಣೆ, ನಾನು ಕೂತ ಟೇಬಲಿಂದ ಬಾಗಿಲು ಕಾಣುತ್ತದೆ. ಅಲ್ಲಿ ನಾಲ್ಕೈದು ಸಲವಾದ ಮೇಲೆ ಮಾಲು. ಬಸ್ ನಿಲ್ದಾಣದ ಸರದಿ ಬಂದಿದ್ದು ಏಳು ತುಂಬಿದ ಮೇಲೆ, ಹಗಲು ಹೊತ್ತು. ಐದು ರೂಪಾಯಿ ನಾಣ್ಯವನ್ನು ಅವನ ಕೈಗೇ ಕೊಟ್ಟೆ. ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದವರಿಗೆ ಒಳಗಿರುವವರಿಗೂ ಕೇಳುವ ಹಾಗೆ ಗಟ್ಟಿಯಾಗಿ, "ಅಣ್ಣಾ, ನನ್ನ ಮಗ ಒಬ್ನೇ ಹೋಗ್ತಿದಾನೆ, ನಾನು ಇಲ್ಲೇ ನಿಂತಿದೀನಿ" ಅಂದೆ. ಅವರು ನೋಡಿಕೊಳ್ಳಲಿ ಅಂತಲ್ಲ, ಹೊರಗೊಬ್ಬಳು ಕಾಯುತ್ತಿದ್ದಾಳೆ ಅನ್ನುವುದು ಒಳಗಿದ್ದವರಿಗೆಲ್ಲ ಗೊತ್ತಿರಲಿ ಅಂತ. ಒಳಗೆ ಹೋದವನ ದನಿ ನನಗೆ ಕೇಳುತ್ತಿರಬೇಕು ಅನ್ನುವುದು ಒಪ್ಪಂದ. ಏನು ಹೇಳುವುದು? ಎರಡರ ಮಗ್ಗಿ. ಮುಗಿಯುವಷ್ಟರಲ್ಲಿ ಕೆಲಸ ಮುಗಿಯಬೇಕು.

"ಎರಡೊಂದ್ಲಾ ಎರಡು, ಎರಡೆರಡ್ಲಾ ನಾಕು..." ಟೈಲ್ಸ್ ಗೋಡೆಗೆ ಬಡಿದು ದನಿ ಗುಂಯ್ ಅನ್ನುತ್ತಾ ಬರುತ್ತಿತ್ತು. ಎರಡೇಳ್ಲಾ ಹತ್ತಿರ ನಿಂತುಹೋಯಿತು. ನನ್ನ ಎದೆ ಧಸಕ್ ಅಂತು, ಒಂದು ಹೆಜ್ಜೆ ಒಳಗಿಟ್ಟೇಬಿಟ್ಟೆ. ಅಷ್ಟರಲ್ಲಿ ಯಾರೋ ವಯಸ್ಸಾದವರ ದನಿ, "ಹದಿನಾಕು ಕಣಪ್ಪ, ಹೇಳು ಹೇಳು" ಅಂತು. ಒಳಗೆಲ್ಲ ನಗು. ಹೊರಗೆ ಬಂದವನ ಕಿವಿ ಕೆಂಪಾಗಿತ್ತು. ಮುಂದಿನ ಸಲದಿಂದ ಮಗ್ಗಿ ಬೇಡ ಅಂದ, ನಾನು "ಆಯ್ತಾ?" ಅಂದರೆ ಅವನು "ಇನ್ನೂ" ಅನ್ನುವುದಕ್ಕೆ ಇಳಿದೆವು.

ಒಂದು ಸಲ ಜಾತ್ರೆ ಮೈದಾನದಲ್ಲಿ ಅವನು ಒಳಗೆ ಹೋದ ಮೇಲೆ "ಇನ್ನೂ" ಬರಲೇ ಇಲ್ಲ. ಆ ಶೌಚಾಲಯಕ್ಕೆ ಇನ್ನೊಂದು ಕಡೆಯಿಂದಲೂ ಬಾಗಿಲಿತ್ತು. ಅವನು ಆ ಕಡೆಯಿಂದ ಹೊರಬಿದ್ದು, ಅಮ್ಮ ಇಲ್ಲ ಅಂತ ಅಲ್ಲೇ ಕಂಬ ಹಿಡಿದು ನಿಂತಿದ್ದ. ಎರಡು ನಿಮಿಷ ಇರಬಹುದು, ನನಗೆ ಮಾತ್ರ ಕಾಲು ಸೋತುಹೋಯಿತು. ಅಂದಿನಿಂದ ಹೊಸ ಜಾಗವಾದರೆ ಮೊದಲು ಕಟ್ಟಡಕ್ಕೆ ಒಂದು ಸುತ್ತು ಹಾಕುತ್ತೇನೆ. ಎರಡು ಬಾಗಿಲಿದ್ದರೆ ಕಳಿಸುವುದಿಲ್ಲ, ಅವನಿಗೆ ಹದಿನಾರಾಗಲಿ ಅಂತ ಮನಸ್ಸಿನಲ್ಲಿ ಅಂದುಕೊಳ್ಳುತ್ತೇನೆ, ಆಮೇಲೆ ನನಗೇ ನಗು ಬರುತ್ತದೆ.

ರೈಲಿನದು ಬೇರೆ ಕಥೆ. ಅಲ್ಲಿ ಲೇಡೀಸ್ ಜೆಂಟ್ಸ್ ಗೊಡವೆ ಇಲ್ಲ, ಆದರೆ ಶೌಚಾಲಯದ ಪಕ್ಕದಲ್ಲೇ ಬೋಗಿಯ ಬಾಗಿಲು ಹಾರು ಹೊಡೆದಿರುತ್ತದೆ. ಹಾಗಾಗಿ ಈಗಲೂ ಜೊತೆಗೇ ಹೋಗಿ ಹೊರಗೆ ನಿಲ್ಲುತ್ತೇನೆ. ರಾತ್ರಿ ಬಸ್ಸು ನಿಲ್ಲಿಸುವ ಹೆದ್ದಾರಿ ಹೋಟೆಲುಗಳ ಹಿಂಭಾಗ, ಬಲ್ಬು ಮಿಣುಕುವ ಜಾಗ, ಅಲ್ಲಂತೂ ಜೆಂಟ್ಸ್ ಬಾಗಿಲಿಗೇ ಒರಗಿ ನಿಂತಿದ್ದೇನೆ. ಗಂಡಸರು ಸಂಕೋಚದಿಂದ ಸುತ್ತಿ ಹೋಗುತ್ತಾರೆ. ಹೋಗಲಿ.

ಮಗಳ ವಿಷಯದಲ್ಲಿ ಪೇಚಿಗೆ ಸಿಕ್ಕವರು ನನ್ನ ಗಂಡ. ಅವಳಿಗೆ ನಾಲ್ಕಾಗಿದ್ದಾಗ ಒಂದು ಭಾನುವಾರ ಅಪ್ಪ ಮಗಳು ಇಬ್ಬರೇ ಹೊರಗೆ ಹೋಗಿದ್ದರು. ತಾಯಿ ಮಗನನ್ನು ಲೇಡೀಸ್‌ಗೆ ಕರೆದೊಯ್ದರೆ ಅಜ್ಜಿಯೊಬ್ಬರು ಏನಾದರೂ ಅಂದಾರು, ಅಷ್ಟೇ. ಅಪ್ಪ ಮಗಳನ್ನು ಜೆಂಟ್ಸ್‌ಗೆ ಕರೆದೊಯ್ದರೆ ಅಲ್ಲಿ ಗಂಡಸರು ಸಾಲಾಗಿ ನಿಂತಿರುತ್ತಾರೆ. ಇವರು ಅಂಗೈಯಿಂದ ಅವಳ ಕಣ್ಣು ಮುಚ್ಚಿಕೊಂಡು ನಡೆಸಿದ್ದಾರೆ, ಅವಳು ಹೋಗಿ ನಲ್ಲಿಗೆ ಹಣೆ ಹೊಡೆಸಿಕೊಂಡಿದ್ದಾಳೆ. ಆಮೇಲೆ ಅವರು ಕಂಡುಕೊಂಡ ದಾರಿ ಗಾಲಿಕುರ್ಚಿ ಚಿತ್ರವಿರುವ ಶೌಚಾಲಯ. ಯಾರೂ ಕಾಯುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ಸೆಕ್ಯುರಿಟಿಯವರ ಹತ್ತಿರ ಬೀಗದ ಕೈ ಕೇಳಿ ಇಬ್ಬರೂ ಹೋಗುತ್ತಾರೆ. ಅದಿಲ್ಲದ ಕಡೆ ಲೇಡೀಸ್ ಬಾಗಿಲ ಹೊರಗೆ ನಿಂತು, ಸ್ವಚ್ಛ ಮಾಡುವ ಅಮ್ಮನಿಗೆ ಹೇಳಿ ಕಳಿಸುತ್ತಾರೆ. ಹಾಗೆ ನಿಂತ ಗಂಡಸನ್ನು ಹೋಗುವ ಬರುವ ಹೆಂಗಸರು ಹೇಗೆ ನೋಡುತ್ತಾರೆ ಅನ್ನುವುದನ್ನು ಅವರು ಹೇಳುವಾಗ ನನಗೆ ಪಾಪ ಅನಿಸುತ್ತದೆ, ಆದರೆ ಆ ನೋಟವೂ ಬೇಕು ಅನಿಸುತ್ತದೆ.

ಹೋದ ತಿಂಗಳು ಊರಿಗೆ ಹೋಗುವಾಗ ಅರಸೀಕೆರೆಯಲ್ಲಿ ಬಸ್ಸು ಹದಿನೈದು ನಿಮಿಷ ನಿಂತಿತು. ಮಗ ಹೋಗಿ ಬಂದ, ಒದ್ದೆ ಕೈಯನ್ನು ನನ್ನ ಸೆರಗಿಗೆ ಒರೆಸಿದ. ನಾನು ಆವತ್ತೂ ಎಂದಿನಂತೆ ಬೆಳಗಿನಿಂದ ನೀರು ಕುಡಿದಿರಲಿಲ್ಲ, ಆದರೂ ಹೊಟ್ಟೆ ಕೆಳಗೆ ಕಲ್ಲಿಟ್ಟ ಹಾಗಾಗಿತ್ತು. ಅವನಿಗೆ ಅದು ಹೇಗೆ ತಿಳಿಯಿತೋ. ಎರಡು ಬ್ಯಾಗುಗಳ ಮೇಲೆ ತಂಗಿಯನ್ನು ಕೂರಿಸಿ, ಪಕ್ಕದಲ್ಲಿ ಕಾವಲುಗಾರನ ಹಾಗೆ ನಿಂತ. "ನೀನೂ ಹೋಗ್ಬಾಮ್ಮ, ನಾನು ನೋಡ್ಕೋತೀನಿ. ಬೇಕಾದ್ರೆ ಮಗ್ಗಿ ಹೇಳ್ತೀನಿ, ನಿಂಗೆ ಕೇಳ್ಸುತ್ತೆ."

ಲೇಡೀಸ್ ಮುಂದಿನ ಸಾಲು ನೋಡಿದೆ. ಆರೇಳು ಜನ. ಅವನನ್ನು ನೋಡಿದೆ, ಅವಳನ್ನು ನೋಡಿದೆ, ಸುತ್ತ ಓಡಾಡುವ ಜನರನ್ನು ನೋಡಿದೆ. ಬಸ್ಸು ಹೊರಡಲು ಇನ್ನೂ ಎಂಟು ನಿಮಿಷವಿತ್ತು.

ನಾನು ಹೋಗಲಿಲ್ಲ. ಶಿವಮೊಗ್ಗದ ತನಕ ತಡೆದುಕೊಂಡೆ.