ಬಟ್, ಆಲ್ದೋ, ಹೌಎವರ್: ಇಂಗ್ಲಿಷ್ ವರದಿಯಲ್ಲಿ ನಾನು ಇವನ್ನು ಆರಿಸುವ ಬಗೆ

ಚಿತ್ರದುರ್ಗ ಜಿಲ್ಲೆಯಲ್ಲಿ ಕೆರೆ, ಬದು, ಕೃಷಿಹೊಂಡದ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನಿದ್ದೇನೆ. ಇಂಗ್ಲಿಷ್ ವರದಿ ಬರೆಯುವುದು ನನ್ನ ಪಾಲಿನ ಕೆಲಸ. ಹಣ ಕೊಡುವವರು ದೂರದವರು, ಹಳ್ಳಿಗೆ ಬಂದು ನೋಡುವುದು ಅಪರೂಪ. ನಾವು ಬರೆದಷ್ಟೇ ಅವರಿಗೆ ಕಾಣುವುದು. ಈ ವರದಿಗಳಲ್ಲಿ ಒಂದು ಬಗೆಯ ವಾಕ್ಯ ಮತ್ತೆ ಮತ್ತೆ ಬರುತ್ತದೆ. ಮಳೆ ಕಡಿಮೆ, ರಾಗಿ ಬಂತು. ಹೊಂಡ ತೋಡಿದೆವು, ನೀರು ನಿಲ್ಲಲಿಲ್ಲ. ಸಭೆಗೆ ಹೆಂಗಸರು ಬಂದರು, ಮಾತಾಡಿದ್ದು ಗಂಡಸರು. ಹೀಗೆ ಎದುರುಬದುರಾಗುವ ಎರಡು ಮಾತನ್ನು ಜೋಡಿಸಲು ಇಂಗ್ಲಿಷಿನಲ್ಲಿ ಹತ್ತಾರು ಪದಗಳಿವೆ. ಯಾವುದನ್ನು ಹಾಕಿದರೂ ನಡೆಯುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ನಡೆಯುವುದಿಲ್ಲ.

ನಾನು ಮೊದಲು ಎರಡು ಮಾತನ್ನೂ ಬೇರೆ ಬೇರೆ ವಾಕ್ಯ ಮಾಡಿ ಬರೆಯುತ್ತೇನೆ. ನಡುವೆ ಯಾವ ಪದವೂ ಇಲ್ಲ, ಬರೀ ಫುಲ್‌ಸ್ಟಾಪ್. ಆಮೇಲೆ ಒಂದು ಪ್ರಶ್ನೆ: ಮೊದಲನೆಯದನ್ನು ಓದಿದವನು ಮುಂದೆ ಏನನ್ನು ನಿರೀಕ್ಷಿಸುತ್ತಾನೆ? ಎರಡನೆಯದು ಆ ನಿರೀಕ್ಷೆಯನ್ನು ಮುರಿದರೆ ಮಾತ್ರ ಬಟ್‌ಗೆ ಜಾಗ ಉಂಟು.

ಇದನ್ನು ಜರ್ಮನಿಯ ತರ್ಕಶಾಸ್ತ್ರಜ್ಞ ಗಾಟ್ಲೋಬ್ ಫ್ರೇಗೆ 1918ರಲ್ಲೇ ಹೇಳಿದ್ದ. ಆ್ಯಂಡ್ ಹಾಕಿದರೂ ಬಟ್ ಹಾಕಿದರೂ ವಾಕ್ಯ ನಿಜವೋ ಸುಳ್ಳೋ ಎಂಬುದು ಬದಲಾಗುವುದಿಲ್ಲ. ಮುಂದೆ ಬರುವುದು ನೀವು ಅಂದುಕೊಂಡ ಹಾಗಿಲ್ಲ ಎಂಬ ಸೂಚನೆಯನ್ನು ಮಾತ್ರ ಬಟ್ ಕೊಡುತ್ತದೆ, ಎಂದ. ನನ್ನ ಕೆಲಸದಲ್ಲಿ ಆ ಸೂಚನೆಯೇ ಎಲ್ಲಕ್ಕಿಂತ ದೊಡ್ಡದು. ಕರಡಿನಲ್ಲಿ ಇಂಥ ಸಾಲು ಬರುವುದುಂಟು: 'ದ ಸೆಕ್ರೆಟರಿ ಈಸ್ ಎ ವುಮನ್, ಬಟ್ ದ ಅಕೌಂಟ್ಸ್ ಆರ್ ನೀಟ್.' ಕಾರ್ಯದರ್ಶಿ ಹೆಂಗಸು, ನಿಜ. ಲೆಕ್ಕ ಅಚ್ಚುಕಟ್ಟು, ಅದೂ ನಿಜ. ನಡುವಿನ ಬಟ್ ಮಾತ್ರ ಹೆಂಗಸರ ಲೆಕ್ಕ ಹಾಳು ಎಂದು ಹೇಳಿಬಿಡುತ್ತದೆ. ಬರೆದವರ ಮನಸ್ಸಿನಲ್ಲಿ ಅದು ಇರಲಿಕ್ಕಿಲ್ಲ. ಓದುವವರಿಗೆ ಕಾಗದದ ಮೇಲಿರುವುದಷ್ಟೇ ತಲುಪುತ್ತದೆ, ಅಲ್ವಾ? ಇಂಥ ಬಟ್ ಕಂಡರೆ ನಾನು ಯಾರನ್ನೂ ಕೇಳದೆ ಹೊಡೆದು ಹಾಕುತ್ತೇನೆ.

ಇದರ ಇನ್ನೊಂದು ಮುಖವೂ ಇದೆ. ನಮಗಿರುವ ನಿರೀಕ್ಷೆ ಓದುವವರಿಗೆ ಇಲ್ಲದೇ ಇರಬಹುದು. 'ದ ಪಾಂಡ್ ಈಸ್ ಇನ್ ರೆಡ್ ಸಾಯಿಲ್, ಬಟ್ ಇಟ್ ಹೆಲ್ಡ್ ವಾಟರ್' ಎಂದು ಬರೆದರೆ ನಮ್ಮ ಕಡೆಯ ರೈತನಿಗೆ ತಕ್ಷಣ ಅರ್ಥವಾಗುತ್ತದೆ. ಕೆಂಪು ಮಣ್ಣಿನಲ್ಲಿ ನೀರು ಇಂಗಿಹೋಗುತ್ತದೆ ಎಂಬುದು ಅವನಿಗೆ ಗೊತ್ತು. ಅದಕ್ಕೇ ಸರ್ಕಾರದ ಕೃಷಿ ಭಾಗ್ಯ ಯೋಜನೆಯ ಹೊಂಡಗಳಿಗೆ ಪಾಲಿಥಿನ್ ಹೊದಿಕೆ ಹಾಕುವುದು. ದೂರದೂರಿನ ಓದುಗರಿಗೆ ಮಣ್ಣಿನ ಬಣ್ಣಕ್ಕೂ ನೀರಿಗೂ ಏನು ಸಂಬಂಧ? ಬಟ್ ಅವರ ಮಟ್ಟಿಗೆ ಗಾಳಿಯಲ್ಲಿ ನಿಂತಿರುತ್ತದೆ. ಇಲ್ಲಿ ಹೆಚ್ಚು ಗಟ್ಟಿಯಾದ ಪದ ಹುಡುಕಿ, ನೆವರ್‌ದಿಲೆಸ್ ಹಾಕಿ ಪ್ರಯೋಜನವಿಲ್ಲ. ಅದರ ಮುಂಚೆ ಒಂದು ವಾಕ್ಯ ಬೇಕು: ಕೆಂಪು ಮಣ್ಣು ನೀರು ಹಿಡಿದಿಟ್ಟುಕೊಳ್ಳುವುದಿಲ್ಲ. ನಿರೀಕ್ಷೆಯನ್ನು ಮೊದಲು ಕೊಡಬೇಕು, ಆಮೇಲೆ ಮುರಿಯಬೇಕು. ನನ್ನ ವರದಿಗಳಲ್ಲಿ ತಿದ್ದುಪಡಿ ಹೆಚ್ಚು ಬೀಳುವುದು ಇಲ್ಲಿಯೇ.

ಏನೂ ಮುರಿಯದೆ ಎರಡು ಸಂಗತಿಗಳು ಸುಮ್ನೆ ಅಕ್ಕಪಕ್ಕ ನಿಂತಿದ್ದರೆ ವೇರ್‌ಆ್ಯಸ್ ಸಾಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ, ಚಳ್ಳಕೆರೆಯಲ್ಲಿ 600 ಕೂಡ ಇಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಇವು ಹೋಲಿಕೆಗಳು, ಯಾರಿಗೂ ಆಶ್ಚರ್ಯವಾಗಬೇಕಿಲ್ಲ. ಇಲ್ಲಿ ವೈಲ್ ಕೂಡ ಬರುತ್ತದೆ. ಅದಕ್ಕೆ 'ಆ ಹೊತ್ತಿನಲ್ಲಿ' ಎಂಬ ಅರ್ಥವೂ ಇರುವುದರಿಂದ, ಕಾಮಗಾರಿಯ ದಿನಾಂಕಗಳಿರುವ ಪುಟದಲ್ಲಿ ನಾನು ವೈಲ್ ಮುಟ್ಟುವುದಿಲ್ಲ.

ನಿರೀಕ್ಷೆ ಮುರಿಯುವುದು ಖಚಿತವಾದ ಮೇಲೆ ಯಾವ ಮಾತು ಮೇಲೆ ನಿಲ್ಲಬೇಕು ಎಂದು ತೀರ್ಮಾನಿಸುತ್ತೇನೆ. ಹನಿ ನೀರಾವರಿ ದುಬಾರಿ, ಬಟ್ ನೀರು ಉಳಿಸುತ್ತದೆ. ಹನಿ ನೀರಾವರಿ ನೀರು ಉಳಿಸುತ್ತದೆ, ಬಟ್ ದುಬಾರಿ. ಮಾಹಿತಿ ಅದೇ. ಮೊದಲನೆಯದನ್ನು ಓದಿದವರು ಹಣ ಕೊಡುತ್ತಾರೆ, ಎರಡನೆಯದನ್ನು ಓದಿದವರು ಯೋಚನೆ ಮಾಡುತ್ತಾರೆ. ಬಟ್ ಆದ ಮೇಲೆ ಬಂದದ್ದನ್ನೇ ಓದುಗರು ಬರೆದವರ ತೀರ್ಪು ಎಂದು ತೆಗೆದುಕೊಳ್ಳುತ್ತಾರೆ. ಆಲ್ದೋ ಹಾಗಲ್ಲ. ಅದು ಯಾವ ಮಾತಿಗೆ ಅಂಟಿಕೊಂಡಿದೆಯೋ ಆ ಮಾತನ್ನು ಕೆಳಕ್ಕೆ ತಳ್ಳುತ್ತದೆ, ಅದು ವಾಕ್ಯದ ಮೊದಲಿರಲಿ ಕೊನೆಗಿರಲಿ.

ಈವನ್ ದೋ, ಈವನ್ ಇಫ್ ಇವೆರಡರ ವಿಷಯದಲ್ಲಿ ಕನ್ನಡ ಬಲ್ಲವರು ಸ್ವಲ್ಪ ನಿಂತು ನೋಡಬೇಕು. ನಮ್ಮ ಕ್ಷೇತ್ರ ಸಿಬ್ಬಂದಿ ಟಿಪ್ಪಣಿಯನ್ನು ಕನ್ನಡದಲ್ಲಿ ಕಳಿಸುತ್ತಾರೆ. 'ಮಳೆ ಬಂದರೂ ಈ ಕೆರೆ ತುಂಬುವುದಿಲ್ಲ.' ಮಳೆ ಬಂದಿದೆಯೋ, ಬಂದರೂ ಅಷ್ಟೇ ಎನ್ನುತ್ತಿದ್ದಾರೋ? ನಮ್ಮ 'ರೂ' ಎರಡಕ್ಕೂ ಆಗುತ್ತದೆ. ಇಂಗ್ಲಿಷಿನಲ್ಲಿ ಆರಿಸಿಕೊಳ್ಳಲೇಬೇಕು. ಮಳೆ ಬಂದದ್ದು ನಿಜವಾದರೆ ಈವನ್ ದೋ. ಬರಲಿ ಬಿಡಲಿ ಎನ್ನುವುದಾದರೆ ಈವನ್ ಇಫ್. ಗೊತ್ತಾಗದಿದ್ದರೆ ಫೋನ್ ಮಾಡಿ ಕೇಳುತ್ತೇನೆ: 'ಅಣ್ಣಾ, ಈ ಸಲ ಮಳೆ ಆಯ್ತಾ ಅಲ್ಲಿ?' ಒಂದು ಪದ ತಪ್ಪಿದರೆ ಬರದ ಊರು ಮಳೆಯ ಊರಾಗುತ್ತದೆ. ಹಾಗಾಗಿ ಆ ಕರೆಯನ್ನು ನಾನು ತಪ್ಪಿಸುವುದಿಲ್ಲ.

ವ್ಯಾಕರಣದ ಭಾಗ ಸುಲಭ, ಒಮ್ಮೆ ರೂಢಿಯಾದರೆ ಕೈ ತಾನೇ ಬರೆಯುತ್ತದೆ. ಆಲ್ದೋ ಇದ್ದ ವಾಕ್ಯದ ನಡುವೆ ಮತ್ತೆ ಬಟ್ ಬೇಡ, ಒಂದೇ ಸಾಕು. ಡಿಸ್ಪೈಟ್ ಆದ ಮೇಲೆ ನಾಮಪದ ಅಥವಾ ಐಎನ್‌ಜಿ ರೂಪ: 'ಡಿಸ್ಪೈಟ್ ಪೂರ್ ರೇನ್ಸ್', 'ಡಿಸ್ಪೈಟ್ ಲೂಸಿಂಗ್ ದ ಕ್ರಾಪ್'. ಡಿಸ್ಪೈಟ್ ಜೊತೆ ಆಫ್ ಸೇರುವುದಿಲ್ಲ, ಇನ್ ಸ್ಪೈಟ್ ಜೊತೆ ಮಾತ್ರ ಸೇರುತ್ತದೆ. ಹೌಎವರ್ ಎರಡು ಪೂರ್ತಿ ವಾಕ್ಯಗಳ ನಡುವೆ ಬಂದರೆ ಅದರ ಮುಂಚೆ ಕಾಮಾ ಸಾಲದು, ಸೆಮಿಕೋಲನ್ ಅಥವಾ ಫುಲ್‌ಸ್ಟಾಪ್ ಬೇಕು. ಕಾಮಾ ಹೌಎವರ್ ಆದ ಮೇಲೆ ಬರುತ್ತದೆ. ಬಟ್‌ನಿಂದ ವಾಕ್ಯ ಶುರು ಮಾಡಬಾರದು ಎಂದು ಶಾಲೆಯಲ್ಲಿ ಹೇಳಿಕೊಡುವುದುಂಟು. 1611ರ ಇಂಗ್ಲಿಷ್ ಬೈಬಲಿನಲ್ಲೇ ಅಂಥ ವಾಕ್ಯಗಳು ಬೇಕಾದಷ್ಟಿವೆ. ನಾನು ಧೈರ್ಯವಾಗಿ ಶುರು ಮಾಡುತ್ತೇನೆ. ಹೌಎವರ್‌ಗಿಂತ ಅದು ಎಷ್ಟೋ ಸಲ ಹಗುರ.

ಆನ್ ದ ಕಾಂಟ್ರರಿ ಬೇರೆಯೇ ಜಾತಿಯದು. ಒಂದು ಮಾತನ್ನು ಸುಳ್ಳು ಎಂದು ತಳ್ಳಿಹಾಕಿ, ನಿಜ ಇದು, ಎನ್ನುವಾಗ ಮಾತ್ರ ಅದು ಸರಿ. 'ರೈತರು ಸೋಮಾರಿಗಳಲ್ಲ. ಆನ್ ದ ಕಾಂಟ್ರರಿ, ಬೆಳಗಿನ ಜಾವದಿಂದಲೇ ಹೊಲದಲ್ಲಿರುತ್ತಾರೆ.' ಎರಡೂ ನಿಜವಾಗಿದ್ದು, ಒಂದೇ ವಿಷಯದ ಎರಡು ಮಗ್ಗುಲಾಗಿದ್ದರೆ ಆನ್ ದ ಅದರ್ ಹ್ಯಾಂಡ್. ಅನ್‌ಲೈಕ್ ಬಂದಾಗ ಎರಡು ಕಡೆಯೂ ಒಂದೇ ಬಗೆಯ ವಸ್ತು ಇದೆಯೇ ಎಂದು ನೋಡಬೇಕು. 'ಅನ್‌ಲೈಕ್ ರಾಗಿ, ದ ವಾಟರ್ ನೀಡ್ ಆಫ್ ಪ್ಯಾಡಿ ಈಸ್ ಹೈ' ಎಂದರೆ ರಾಗಿಯನ್ನು ಭತ್ತದ ನೀರಿನ ಜೊತೆ ಹೋಲಿಸಿದಂತೆ. 'ಅನ್‌ಲೈಕ್ ರಾಗಿ, ಪ್ಯಾಡಿ ನೀಡ್ಸ್ ಎ ಲಾಟ್ ಆಫ್ ವಾಟರ್' ಎಂದರೆ ಬೆಳೆಗೆ ಬೆಳೆಯೇ ಎದುರು.

ಬರೆದು ಮುಗಿದ ಮೇಲೆ ಈ ಪದಗಳನ್ನೆಲ್ಲ ಬೆರಳಲ್ಲಿ ಮುಚ್ಚಿ ಓದುತ್ತೇನೆ. ಇಲ್ಲದಿದ್ದರೂ ಅರ್ಥ ಸಾಗಿದರೆ ತೆಗೆಯುತ್ತೇನೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯುವ ಹುಡುಗ ಹುಡುಗಿಯರು ಪ್ರಬಂಧ ತೋರಿಸಲು ಬಂದಾಗಲೂ ಇದನ್ನೇ ಮಾಡಿಸುತ್ತೇನೆ. ಪ್ರತಿ ಪ್ಯಾರಾಕ್ಕೂ ಒಂದು ಹೌಎವರ್ ಇದ್ದರೆ ಅಂಕ ಬರುತ್ತದೆ ಎಂದು ಅವರಿಗೆ ಯಾರೋ ಹೇಳಿರುತ್ತಾರೆ. ಆ ಪರೀಕ್ಷೆಯ ಅಂಕದ ಮಾನದಂಡದಲ್ಲಿ ಜೋಡಣೆ ಪದಗಳ ಅತಿ ಬಳಕೆ ಒಂದು ಕೊರತೆ. ಎಲ್ಲಕ್ಕಿಂತ ಮೇಲಿನ ಬ್ಯಾಂಡಿನಲ್ಲಿ, ಅಂದರೆ ಅಂಕದ ಮಟ್ಟದಲ್ಲಿ, ಜೋಡಣೆ ಕಣ್ಣಿಗೆ ಬೀಳುವುದೇ ಅಪರೂಪವಾಗಿರಬೇಕು.

ಆಲ್ದೋ ಕೈಗೆ ಸಿಕ್ಕಾಗ ಒಂದು ಆಸೆ ಹುಟ್ಟುತ್ತದೆ. 'ಆಲ್ದೋ ಫೋರ್ ಪಾಂಡ್ಸ್ ಡಿಡ್ ನಾಟ್ ಹೋಲ್ಡ್ ವಾಟರ್, ದ ಪ್ರಾಜೆಕ್ಟ್ ವಾಸ್ ಎ ಸಕ್ಸೆಸ್.' ವ್ಯಾಕರಣ ಸರಿಯಿದೆ. ನಾಲ್ಕು ಮನೆಯವರ ಬೇಸಿಗೆ ಮಾತ್ರ ಒಂದು ಆಲ್ದೋ ಕೆಳಗೆ ಮುಚ್ಚಿಹೋಗುತ್ತದೆ. ಅಂಥ ಕಡೆ ನಾನು ಜೋಡಿಸುವುದೇ ಇಲ್ಲ. ನಾಲ್ಕು ಹೊಂಡಗಳಲ್ಲಿ ನೀರು ನಿಲ್ಲಲಿಲ್ಲ ಎಂಬುದನ್ನು ಬೇರೆ ವಾಕ್ಯ ಮಾಡುತ್ತೇನೆ. ಯಾಕೆ ನಿಲ್ಲಲಿಲ್ಲ, ಹೊದಿಕೆಗೆ ಎಷ್ಟು ಹಣ ಬೇಕು ಎಂಬುದನ್ನು ಅದರ ಪಕ್ಕದಲ್ಲೇ ಬರೆಯುತ್ತೇನೆ.