ಎಲೆಕ್ಟ್ರೀಷಿಯನ್ ಆಗುವುದು ಹೇಗೆ? ಎಸ್ಸೆಸ್ಸೆಲ್ಸಿಯಿಂದ ಪರ್ಮಿಟ್‌ವರೆಗಿನ ದಾರಿ

ಹೊಸ ಮನೆಗೆ ಕರೆಂಟ್ ಕನೆಕ್ಷನ್ ಕೇಳಿ ಅರ್ಜಿ ಹಾಕುವಾಗ ಆ ಕಡತದಲ್ಲಿ ಒಂದು ಹಾಳೆ ಇರುತ್ತದೆ. ವೈರಿಂಗ್ ಮುಗಿದಿದೆ, ಇನ್ಸುಲೇಷನ್ (ವೈರ್ ಮೇಲಿನ ಸಿಪ್ಪೆಯ ಗಟ್ಟಿತನ) ಇಷ್ಟು ಬಂದಿದೆ, ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ವ್ಯವಸ್ಥೆ) ಇಷ್ಟು ಬಂದಿದೆ ಎಂದು ಬರೆದು, ಕೆಳಗೆ ಲೈಸೆನ್ಸ್ ನಂಬರ್ ಹಾಕಿ ಸಹಿ ಮಾಡುವ ಟೆಸ್ಟ್ ರಿಪೋರ್ಟ್ ಅದು. ಮನೆಯವರು ಅದನ್ನು ಓದುವುದು ಅಪರೂಪ. ಆದರೆ ಆ ಮನೆಯ ಮಗು ಒದ್ದೆ ಕಾಲಲ್ಲಿ ಬಚ್ಚಲುಮನೆಗೆ ಹೋಗಿ ಗೀಸರ್ ಸ್ವಿಚ್ ಒತ್ತುವಾಗ ಅದರ ಜೀವ ಕಾಯುವುದು ಆ ಹಾಳೆಯಲ್ಲಿ ಬರೆದ ಅಂಕಿಗಳ ಸತ್ಯವೇ. ಎಲೆಕ್ಟ್ರೀಷಿಯನ್ ಆಗುವುದೆಂದರೆ ಆ ಸಹಿ ಹಾಕುವ ಯೋಗ್ಯತೆ ಗಳಿಸುವುದು ಎಂದು ನಾನು ನಂಬಿದ್ದೇನೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು, ಅವರ ತಂದೆತಾಯಿ, ಈಗಾಗಲೇ ಮೇಸ್ತ್ರಿಯೊಬ್ಬರ ಕೈಕೆಳಗೆ ಹೆಲ್ಪರ್ ಆಗಿ ದುಡಿಯುತ್ತಿರುವ ಹುಡುಗರು, ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಕರ್ನಾಟಕದಲ್ಲಿ ಇದಕ್ಕಿರುವ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು. ವೈರಿಂಗ್ ಯಾರು ಬೇಕಾದರೂ ಮಾಡಬಹುದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ತಪ್ಪು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಾವಳಿಯಲ್ಲೂ, ಅದಕ್ಕೆ ಮುಂಚಿನ 2010ರ ನಿಯಮಾವಳಿಯಲ್ಲೂ, ಅದಕ್ಕೂ ಹಿಂದಿನ 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೂ ಇದೊಂದು ಮಾತು ಬದಲಾಗದೆ ಉಳಿದಿದೆ. ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಬದಲಾಯಿಸುವಂಥ ಸಣ್ಣ ಕೆಲಸಗಳನ್ನು ಬಿಟ್ಟರೆ ಉಳಿದ ವೈರಿಂಗ್ ಕೆಲಸವನ್ನು ರಾಜ್ಯ ಸರ್ಕಾರದ ಲೈಸೆನ್ಸ್ ಪಡೆದ ಗುತ್ತಿಗೆದಾರರೇ ಮಾಡಿಸಬೇಕು, ಅರ್ಹತಾ ಪತ್ರ ಇರುವ ಮೇಲ್ವಿಚಾರಕರು ನಿಂತು ನೋಡಬೇಕು, ಕೆಲಸ ಮಾಡುವ ವ್ಯಕ್ತಿಯ ಬಳಿ ಪರ್ಮಿಟ್ ಇರಬೇಕು. ಹೀಗೆ ಮೂರು ಮೆಟ್ಟಿಲು: ವೈರ್‌ಮನ್, ಸೂಪರ್‌ವೈಸರ್, ಕಂಟ್ರಾಕ್ಟರ್. ನೀವು ಹತ್ತಬೇಕಾದ ಏಣಿ ಇದೇ.

ಐಟಿಐ: ಎರಡು ವರ್ಷದ ಅಡಿಪಾಯ

ನೇರವಾದ ದಾರಿ ಐಟಿಐ, ಅಂದರೆ ಕೈಗಾರಿಕಾ ತರಬೇತಿ ಸಂಸ್ಥೆ. ಎಲೆಕ್ಟ್ರೀಷಿಯನ್ ಟ್ರೇಡ್ ಎರಡು ವರ್ಷದ ಕೋರ್ಸು. ಗಣಿತ, ವಿಜ್ಞಾನ ಓದಿ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ವಯಸ್ಸು ಕನಿಷ್ಠ 14 ಆಗಿರಬೇಕು. ವೈರ್‌ಮನ್ ಎಂಬ ಇನ್ನೊಂದು ಟ್ರೇಡ್ ಕೂಡ ಇದೆ. ಎರಡರಲ್ಲಿ ಆಯ್ಕೆ ಇದ್ದರೆ ಎಲೆಕ್ಟ್ರೀಷಿಯನ್ನೇ ತೆಗೆದುಕೊಳ್ಳಿ. ಮೋಟರ್, ಟ್ರಾನ್ಸ್‌ಫಾರ್ಮರ್, ಕಂಟ್ರೋಲ್ ಪ್ಯಾನೆಲ್ ಎಲ್ಲವನ್ನೂ ಆಳವಾಗಿ ಕಲಿಸುವುದರಿಂದ ಮುಂದೆ ಕಾರ್ಖಾನೆ, ರೈಲ್ವೆ, ಮೆಟ್ರೊ ಯಾವ ಕಡೆ ಹೋದರೂ ಕೈಹಿಡಿಯುತ್ತದೆ.

ಸರ್ಕಾರಿ ಐಟಿಐಗಳ ಸೀಟು ಹಂಚಿಕೆ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯದು. ಎಸ್ಸೆಸ್ಸೆಲ್ಸಿ ಫಲಿತಾಂಶದ ನಂತರ ಆನ್‌ಲೈನ್ ಅರ್ಜಿ ಕರೆಯುತ್ತಾರೆ, ಅಂಕ ಮತ್ತು ಮೀಸಲಾತಿ ನೋಡಿ ಸೀಟು ಕೊಡುತ್ತಾರೆ. ಎಲೆಕ್ಟ್ರೀಷಿಯನ್ ಸೀಟಿಗೆ ಬೇಡಿಕೆ ಹೆಚ್ಚು, ಒಂದು ಯೂನಿಟ್ಟಿಗೆ 20 ಮಂದಿ ಮಾತ್ರ. ಆದ್ದರಿಂದ ಅರ್ಜಿ ತುಂಬುವಾಗ ಒಂದೇ ಐಟಿಐ ಬರೆದು ಸುಮ್ಮನಾಗಬೇಡಿ, ಸುತ್ತಲಿನ ನಾಲ್ಕಾರು ಊರಿನವನ್ನೂ ಸೇರಿಸಿ.

ಖಾಸಗಿ ಐಟಿಐಗೆ ಹೋಗುವುದಾದರೆ ಶುಲ್ಕ ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: 'ಎಲೆಕ್ಟ್ರೀಷಿಯನ್ ಟ್ರೇಡಿಗೆ ಮಾನ್ಯತೆ ಇದೆಯೇ?' ಸಂಸ್ಥೆಗೆ ಮಾನ್ಯತೆ ಇರುವುದು ಬೇರೆ, ಆ ಟ್ರೇಡಿಗೆ ಇರುವುದು ಬೇರೆ. ಬಾಯಿಮಾತು ನಂಬದೆ ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ ಪೋರ್ಟಲ್‌ನಲ್ಲಿ ಸಂಸ್ಥೆಯ ಹೆಸರು ಹುಡುಕಿ ನೋಡಿ. ವರ್ಕ್‌ಶಾಪ್ ಒಳಗೂ ಒಮ್ಮೆ ಹೋಗಿ ಬನ್ನಿ. ಮೋಟರ್‌ಗಳ ಮೇಲೆ ದೂಳು ಕೂತಿದ್ದರೆ, ಟೂಲ್ ಬೋರ್ಡಿನ ಪ್ಲಯರ್‌ಗಳು ಹೊಸದಾಗಿಯೇ ಹೊಳೆಯುತ್ತಿದ್ದರೆ ಅಲ್ಲಿ ಪಾಠ ಬರೀ ಪುಸ್ತಕದಲ್ಲಿ ನಡೆಯುತ್ತಿದೆ ಎಂದು ಅರ್ಥ.

ಇನ್ನೊಂದು ಮಾತು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ: ಸೇರುವ ಮುಂಚೆ ಕಣ್ಣಿನ ಡಾಕ್ಟರ ಹತ್ತಿರ ಬಣ್ಣ ಗುರುತಿಸುವ ಪರೀಕ್ಷೆ ಮಾಡಿಸಿಕೊಳ್ಳಿ. ವೈರ್‌ಗಳ ಬಣ್ಣದಲ್ಲಿ ಕೆಂಪು, ಹಳದಿ, ನೀಲಿ ಮೂರು ಫೇಸ್ (ಕರೆಂಟ್ ತರುವ ವೈರ್), ಕಪ್ಪು ನ್ಯೂಟ್ರಲ್ (ಅದನ್ನು ವಾಪಸ್ ಒಯ್ಯುವ ವೈರ್), ಹಸಿರು ಅರ್ಥ್. ಕೆಂಪು-ಹಸಿರು ಒಂದೇ ಥರ ಕಂಡರೆ ಈ ಕೆಲಸದಲ್ಲಿ ಜೀವಕ್ಕೇ ಅಪಾಯ. ಗಂಡುಮಕ್ಕಳಲ್ಲಿ ಈ ತೊಂದರೆ ಹೆಚ್ಚು, ಎಷ್ಟೋ ಮಂದಿಗೆ ತಮಗೆ ಹಾಗಿದೆ ಎಂದೇ ಗೊತ್ತಿರುವುದಿಲ್ಲ.

ಮೊದಲ ವರ್ಷ ಬೇಜಾರಿನದು ಎಂದು ಹುಡುಗರು ಗೊಣಗುವುದುಂಟು. ಲೋಹದ ತುಂಡು ಹಿಡಿದು ಅರ ಉಜ್ಜುವುದು, ತಂತಿ ಸಿಪ್ಪೆ ತೆಗೆದು ಮ್ಯಾರೀಡ್ ಜಾಯಿಂಟ್, ಬ್ರಿಟಾನಿಯಾ ಜಾಯಿಂಟ್ ಹಾಕಿ ಬೆಸುಗೆ ಹಚ್ಚುವುದು, ಮತ್ತೆ ಬಿಚ್ಚುವುದು. ದಯವಿಟ್ಟು ಆ ದಿನಗಳನ್ನು ತಪ್ಪಿಸಿಕೊಳ್ಳಬೇಡಿ. ಸಡಿಲ ಜಾಯಿಂಟ್ ಬಿಸಿಯಾಗುತ್ತದೆ, ಬಿಸಿಯಾದ ಜಾಯಿಂಟ್ ಇನ್ಸುಲೇಷನ್ ಸುಡುತ್ತದೆ. ಶಾರ್ಟ್ ಸರ್ಕಿಟ್ ಎಂದು ನಾವು ಓದುವ ಎಷ್ಟೋ ಬೆಂಕಿ ಅನಾಹುತಗಳ ಮೂಲ ಸರಿಯಾಗಿ ಬಿಗಿಯದ ಒಂದು ಸ್ಕ್ರೂ.

ಅದೇ ವರ್ಷ ಓಮ್‌ನ ನಿಯಮ, ವಾಟ್-ವೋಲ್ಟ್ ಲೆಕ್ಕ ಬರುತ್ತವೆ. ಅವನ್ನು ಪರೀಕ್ಷೆಗೆಂದು ಉರುಹೊಡೆಯದೆ ಮನೆಯ ಸಾಮಾನಿಗೆ ಹಚ್ಚಿ ನೋಡಿ. 2,000 ವಾಟ್‌ನ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಲೈಟಿಗೆ ಹಾಕುವ 1 ಚದರ ಮಿಲಿಮೀಟರ್ ವೈರನ್ನು ಅದಕ್ಕೂ ಹಾಕಿದರೆ ಏನಾದೀತು, ಅದಕ್ಕೇಕೆ 2.5 ಅಥವಾ 4ರ ವೈರ್ ಎಳೆಯುತ್ತಾರೆ ಎಂಬುದು ಆಗ ತಾನಾಗಿ ಹೊಳೆಯುತ್ತದೆ.

ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್) ಇದ್ದರೆ ಸಾಲದೇ ಎಂದು ಕೇಳುವವರಿಗೂ ಉತ್ತರ ಇದೇ ಲೆಕ್ಕದಲ್ಲಿದೆ. ಒದ್ದೆ ಮೈಯ ರೋಧ ಸಾವಿರ ಓಮ್ ಎಂದುಕೊಳ್ಳಿ. 230 ವೋಲ್ಟ್ ತಗುಲಿದರೆ ಮೈಯೊಳಗೆ ಹರಿಯುವುದು 0.23 ಆಂಪಿಯರ್. ಎದೆಬಡಿತ ತಪ್ಪಿಸಲು ಅಷ್ಟು ಧಾರಾಳ ಸಾಕು. ಆದರೆ 16 ಆಂಪಿಯರ್‌ನ ಎಂಸಿಬಿಗೆ ಅದು ಏನೇನೂ ಅಲ್ಲ, ಅದು ಟ್ರಿಪ್ ಆಗುವುದೇ ಇಲ್ಲ. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ: ಫೇಸ್‌ನಲ್ಲಿ ಹೋದ ಕರೆಂಟಿಗೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂದದ್ದಕ್ಕೂ 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ ಕ್ಷಣದೊಳಗೆ ಕಡಿದುಬಿಡುತ್ತದೆ. ಈ ಒಂದು ಸಂಗತಿಯನ್ನು ಗಿರಾಕಿಗೆ ಅವರ ಮಾತಿನಲ್ಲಿ ತಿಳಿಸಿ ಹೇಳಬಲ್ಲ ಹುಡುಗ ಅರ್ಧ ಎಲೆಕ್ಟ್ರೀಷಿಯನ್ ಆದಂತೆಯೇ.

ಎರಡನೇ ವರ್ಷ ಎಸಿ ಮೋಟರ್, ವೈಂಡಿಂಗ್, ಸ್ಟಾರ್ಟರ್, ಪ್ಯಾನೆಲ್ ವೈರಿಂಗ್, ಸೋಲಾರ್. ವರ್ಷಕ್ಕೊಮ್ಮೆ ಅಖಿಲ ಭಾರತ ಟ್ರೇಡ್ ಟೆಸ್ಟ್. ಥಿಯರಿ ಕಂಪ್ಯೂಟರ್ ಮುಂದೆ, ಪ್ರಾಕ್ಟಿಕಲ್ ವರ್ಕ್‌ಶಾಪ್‌ನಲ್ಲಿ. ಪಾಸಾದರೆ ಸಿಗುವುದು ಎನ್‌ಟಿಸಿ, ಅಂದರೆ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್. ಅದರಲ್ಲಿ ನಿಮ್ಮ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವಂತೆಯೇ ಇದೆಯೇ ಎಂದು ಕೈಗೆ ಬಂದ ದಿನವೇ ನೋಡಿಕೊಳ್ಳಿ. ಒಂದಕ್ಷರ ತಪ್ಪಿದ್ದರೂ ಪರ್ಮಿಟ್ ಹೊತ್ತಿಗೆ ಅಲೆದಾಟ ತಪ್ಪದು.

ಅಪ್ರೆಂಟಿಸ್: ಕೈ ಪಳಗುವ ವರ್ಷ

ಐಟಿಐ ಮುಗಿದ ಕೂಡಲೇ ಕೆಲಸಕ್ಕೆ ಹಾರುವ ಬದಲು ಒಂದು ವರ್ಷ ಅಪ್ರೆಂಟಿಸ್ ಮಾಡಿ ಎಂದು ನಾನು ಒತ್ತಿ ಹೇಳುತ್ತೇನೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, ಸ್ಟೈಪೆಂಡ್ ಕೊಡಲೇಬೇಕು. ಕೇಂದ್ರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದರೆ ಕಂಪನಿಗಳ ಪಟ್ಟಿ ಸಿಗುತ್ತದೆ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಚಾಮುಂಡೇಶ್ವರಿ ಕಂಪನಿಗಳ ಪ್ರಕಟಣೆಗಳ ಮೇಲೂ, ನೈಋತ್ಯ ರೈಲ್ವೆಯ ಪ್ರಕಟಣೆಯ ಮೇಲೂ ಕಣ್ಣಿಡಿ.

ಸ್ಟೈಪೆಂಡ್ ಕಡಿಮೆ, ಹೊರಗೆ ಹೆಲ್ಪರ್ ಆದರೆ ಇದಕ್ಕಿಂತ ಹೆಚ್ಚು ಸಿಗುತ್ತದೆ ಎಂಬುದು ನಿಜ. ಮನೆಯ ಕಷ್ಟ ಇದ್ದವರಿಗೆ ಇದು ಸುಲಭದ ಆಯ್ಕೆಯಲ್ಲ ಎಂದು ನನಗೆ ಗೊತ್ತು. ಆದರೂ ದೊಡ್ಡ ಪ್ಯಾನೆಲ್ ಆಫ್ ಮಾಡಿ ಬೀಗ ಹಾಕಿ, 'ಇಲ್ಲಿ ಕೆಲಸ ನಡೆಯುತ್ತಿದೆ' ಎಂದು ಬೋರ್ಡ್ ತೂಗುಹಾಕಿ, ಕರೆಂಟ್ ಇಲ್ಲವೆಂದು ಅಳೆದು ನೋಡಿದ ಮೇಲೆಯೇ ಕೈ ಹಾಕುವ ಶಿಸ್ತು ಕಾರ್ಖಾನೆಯಲ್ಲಿ ಒಂದು ವರ್ಷ ಇದ್ದರೆ ಮೈಗೆ ಹತ್ತುತ್ತದೆ. ಕಟ್ಟಡದ ಕೆಲಸದಲ್ಲಿ ಅದನ್ನು ಕಲಿಸುವವರು ಕಡಿಮೆ. ನನ್ನ ಮೇಸ್ತ್ರಿ ಜೇಬಿನಲ್ಲಿ ಟೆಸ್ಟರ್ ಇಟ್ಟುಕೊಂಡಿದ್ದರೂ ಅದನ್ನು ನಂಬುತ್ತಿರಲಿಲ್ಲ. ಟೆಸ್ಟ್ ಲ್ಯಾಂಪನ್ನು ಮೊದಲು ಕರೆಂಟ್ ಇರುವ ಕಡೆ ಹಚ್ಚಿ ಉರಿಯುತ್ತದೆಯೇ ನೋಡಿ, ಆಮೇಲೆ ಕೆಲಸದ ಜಾಗಕ್ಕೆ ಹಚ್ಚುತ್ತಿದ್ದರು. ನಾನು ಇವತ್ತೂ ಹಾಗೇ ಮಾಡುತ್ತೇನೆ.

ಪರ್ಮಿಟ್ ಎಲ್ಲಿ, ಹೇಗೆ?

ಐಟಿಐ ಸರ್ಟಿಫಿಕೇಟೇ ಲೈಸೆನ್ಸ್ ಎಂದು ತಿಳಿದವರು ಬಹಳ. ಅದು ಓದಿನ ಪುರಾವೆ ಅಷ್ಟೆ. ಪರ್ಮಿಟ್ ಕೊಡುವುದು ರಾಜ್ಯ ಇಂಧನ ಇಲಾಖೆಯ ಅಡಿಯಲ್ಲಿರುವ ವಿದ್ಯುತ್ ಪರಿವೀಕ್ಷಣಾಲಯದ ಕಡೆಯ ವ್ಯವಸ್ಥೆ. ಜನ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರೇಟ್ ಎನ್ನುವುದು ಇದನ್ನೇ. ಬೆಸ್ಕಾಂ, ಹೆಸ್ಕಾಂ ಕಚೇರಿಗೆ ಹೋಗಿ ಪರ್ಮಿಟ್ ಕೇಳಿದರೆ ಸಿಗುವುದಿಲ್ಲ, ಅವು ಕರೆಂಟ್ ಹಂಚುವ ಕಂಪನಿಗಳು.

ಮೊದಲ ಪರ್ಮಿಟ್ ವೈರ್‌ಮನ್‌ದು. ಎನ್‌ಟಿಸಿ ಇದ್ದವರಿಗೆ ದಾರಿ ಹತ್ತಿರ. ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಅರ್ಹತೆ, ಶುಲ್ಕದ ವಿವರವನ್ನು ಪರಿವೀಕ್ಷಣಾಲಯದಿಂದಲೇ ತಿಳಿದುಕೊಳ್ಳಿ. ಏಜೆಂಟರ ಲೆಕ್ಕ ಬೇಡ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಎನ್‌ಟಿಸಿ, ಅಪ್ರೆಂಟಿಸ್ ಸರ್ಟಿಫಿಕೇಟ್, ಅನುಭವದ ಪತ್ರ, ಆಧಾರ್, ಫೋಟೊ ಇವನ್ನೆಲ್ಲ ಒಂದು ಫೈಲಿನಲ್ಲಿ ಸಿದ್ಧ ಇಟ್ಟುಕೊಳ್ಳಿ. ಅನುಭವದ ಪತ್ರ ಲೈಸೆನ್ಸ್ ಇರುವ ಕಂಟ್ರಾಕ್ಟರರದ್ದಾಗಿರಲಿ, ಯಾವ ದಿನದಿಂದ ಯಾವ ದಿನದವರೆಗೆ ಏನು ಕೆಲಸ ಮಾಡಿದಿರಿ ಎಂದು ಸ್ಪಷ್ಟವಾಗಿ ಬರೆದಿರಲಿ.

ಸೂಪರ್‌ವೈಸರ್ ಪರ್ಮಿಟ್‌ಗೆ ಹೆಚ್ಚಿನ ಓದು, ಹೆಚ್ಚಿನ ಅನುಭವ ಬೇಕು. ಇಲ್ಲಿ ಐಟಿಐ ಹುಡುಗರಿಗೆ ಒಂದು ಒಳ್ಳೆಯ ಅವಕಾಶ ಇದೆ: ಲ್ಯಾಟರಲ್ ಎಂಟ್ರಿಯಲ್ಲಿ ನೇರವಾಗಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಎಲೆಕ್ಟ್ರಿಕಲ್ ಡಿಪ್ಲೊಮಾ ಕೈಗೆ ಬಂದರೆ ಸೂಪರ್‌ವೈಸರ್ ದಾರಿ ಎಷ್ಟೋ ಸಲೀಸು.

ಕಂಟ್ರಾಕ್ಟರ್ ಲೈಸೆನ್ಸ್‌ಗೆ ನೀವೊಬ್ಬರೇ ಇದ್ದರೆ ಸಾಲದು. ಪರ್ಮಿಟ್ ಇರುವ ಸಿಬ್ಬಂದಿ ಬೇಕು, ಇನ್ಸುಲೇಷನ್ ಅಳೆಯುವ ಮೆಗ್ಗರ್, ಅರ್ಥ್ ಟೆಸ್ಟರ್, ವೈರ್ ಕಡಿಯದೆ ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್‌ನಂಥ ಉಪಕರಣಗಳು ಸ್ವಂತದ್ದಿರಬೇಕು.

ಸಹಿ ಬಾಡಿಗೆಗೆ ಕೊಡುವ ಪದ್ಧತಿಯ ಬಗ್ಗೆ ಇಲ್ಲಿ ಹೇಳದೆ ಇರಲಾರೆ. ಪರ್ಮಿಟ್ ಇಲ್ಲದವರು ಮನೆ ವೈರಿಂಗ್ ಮುಗಿಸಿ, ಲೈಸೆನ್ಸ್ ಇದ್ದವರಿಗೆ ಒಂದಿಷ್ಟು ದುಡ್ಡು ಕೊಟ್ಟು ಟೆಸ್ಟ್ ರಿಪೋರ್ಟಿಗೆ ಸಹಿ ಹಾಕಿಸಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಮನೆಗೆ ಮೆಗ್ಗರ್ ಹೋಗಿಯೇ ಇರುವುದಿಲ್ಲ. ಉಪ್ಪು, ಇದ್ದಿಲು ಸುರಿದು ಗುಂಡಿ ಮುಚ್ಚಿದರೆ ಅರ್ಥಿಂಗ್ ಆಯಿತು ಎಂದುಕೊಂಡಿರುತ್ತಾರೆ. ಮಳೆಗಾಲದಲ್ಲಿ ಚೆನ್ನಾಗಿ ಬಂದ ಅರ್ಥ್ ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಕೈಕೊಡುತ್ತದೆ. ಬಯಲುಸೀಮೆಯವರು ಇದನ್ನು ಮರೆಯಲೇಬಾರದು. ಏಪ್ರಿಲ್‌ನಲ್ಲಿ ಅಳೆದ ಅಂಕಿಗೆ ಬೆಲೆ ಹೆಚ್ಚು.

ಐಟಿಐ ಓದದವರಿಗೆ

ವಯಸ್ಸು ದಾಟಿದವರು, ಶಾಲೆ ಅರ್ಧಕ್ಕೆ ಬಿಟ್ಟವರು ಕೈಚೆಲ್ಲಬೇಕಿಲ್ಲ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಮತ್ತು ಅದರ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಆರ್‌ಸೆಟಿಗಳಲ್ಲಿ ಹಳ್ಳಿಯ ಯುವಜನರಿಗೆ ಮನೆ ವೈರಿಂಗ್ ತರಬೇತಿ ಉಚಿತ, ಊಟ-ವಸತಿಯೂ ಅಲ್ಲೇ. ಒಂದು ತಿಂಗಳ ಈ ತರಬೇತಿ ಐಟಿಐಗೆ ಸಮವಲ್ಲ, ಆದರೆ ಕೆಲಸ ಗೊತ್ತಿದ್ದೂ ಕಾರಣ ಗೊತ್ತಿಲ್ಲದವರಿಗೆ ಬಹಳ ಉಪಕಾರಿ. ಹಲವು ವರ್ಷ ದುಡಿದವರು ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಹಿಂದಿನ ಕಲಿಕೆಗೆ ಮಾನ್ಯತೆ ಕೊಡುವ ಪರೀಕ್ಷೆ ಬರೆದು ಸರ್ಟಿಫಿಕೇಟ್ ಪಡೆಯಬಹುದು.

ಮುಂದಿನ ದಾರಿಗಳ ಬಗ್ಗೆ ಚುಟುಕಾಗಿ. ವಿದ್ಯುತ್ ಕಂಪನಿಗಳ ಕಿರಿಯ ಪವರ್‌ಮ್ಯಾನ್ ಹುದ್ದೆಗೆ ದೇಹದಾರ್ಢ್ಯ ಪರೀಕ್ಷೆ ಇದೆ, 8 ಮೀಟರ್ ಕಂಬ ಹತ್ತುವುದು ಕಡ್ಡಾಯ. ಅರ್ಜಿ ಕರೆದ ಮೇಲೆ ಅಭ್ಯಾಸ ಶುರುಮಾಡಿದರೆ ತಡವಾಗುತ್ತದೆ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಯ ಮಾಳಿಗೆಗೆ ಸೋಲಾರ್ ಹಾಕಿಸುವವರಿಗೆ 78,000 ರೂಪಾಯಿವರೆಗೆ ಸಹಾಯಧನ ಇರುವುದರಿಂದ ಡಿಸಿ ವೈರಿಂಗ್ ಬಲ್ಲವರಿಗೆ ಕೆಲಸ ಇದೆ. ಕರಾವಳಿಯಿಂದ ಗಲ್ಫ್‌ಗೆ ಹೋಗುವವರು ನೋಂದಾಯಿತ ಏಜೆಂಟರ ಮೂಲಕವೇ ಹೋಗಿ. ಅವರು ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ, ಅದಕ್ಕಿಂತ ಹೆಚ್ಚು ಕೇಳಿದರೆ ಎದ್ದು ಬನ್ನಿ. ಸೌದಿಗೆ ಹೋಗುವ ಎಲೆಕ್ಟ್ರೀಷಿಯನ್‌ಗಳು ಇಲ್ಲಿಯೇ ಕೌಶಲ ಪರೀಕ್ಷೆ ಪಾಸಾಗಬೇಕು.

ಪರ್ಮಿಟ್ ಕೈಗೆ ಬಂದ ಮೇಲೆ ಅದರ ಅವಧಿ ಮುಗಿಯುವ ದಿನವನ್ನು ಮನೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ನವೀಕರಣದ ಅರ್ಜಿಯನ್ನು ಮುಂಚಿತವಾಗಿ ಹಾಕಿ. ಮೊದಲ ಸಂಬಳದಲ್ಲಿ, ಸಾಧ್ಯವಾದರೆ, 500 ವೋಲ್ಟ್‌ನ ಮೆಗ್ಗರ್ ಒಂದನ್ನು ಕೊಳ್ಳಿ. ಮೇನ್ ಆಫ್ ಮಾಡಿ, ಬಲ್ಬು, ಉಪಕರಣ ಎಲ್ಲ ಕಳಚಿ, ಫೇಸ್‌ಗೂ ಅರ್ಥ್‌ಗೂ ನಡುವೆ ಒಂದು ನಿಮಿಷ ಹಚ್ಚಿ ನೋಡಿ. 1 ಮೆಗಓಮ್‌ಗಿಂತ ಕೆಳಗೆ ತೋರಿಸಿದರೆ ಸಹಿ ಹಾಕಬೇಡಿ. ಒಂದೊಂದೇ ಸರ್ಕಿಟ್ ಬಿಡಿಸುತ್ತಾ ಹೋಗಿ, ಸಿಪ್ಪೆ ಹೋದ ವೈರ್ ಯಾವ ಪೈಪಿನಲ್ಲಿದೆಯೋ ಅಲ್ಲಿ ಸಿಗುತ್ತದೆ.